ಮೊದಲು ಬಿಸಿಲು, ಆಮೇಲೆ ಗಂಜಿ

ಜುಲೈ ತಿಂಗಳ ಒಂದು ಬೆಳಿಗ್ಗೆ ಕೆಂಚನನ್ನು ತಕ್ಕಡಿಯ ಮೇಲೆ ಇಟ್ಟಾಗ 362 ಗ್ರಾಂ ತೋರಿಸಿತು. ಮಾರ್ಚ್‌ನಲ್ಲಿ ಅವನು 431 ಗ್ರಾಂ ಇದ್ದ. ತಕ್ಕಡಿಯೇ ಕೆಟ್ಟಿರಬೇಕೆಂದು ಅರ್ಧ ಕಿಲೋ ತೊಗರಿಬೇಳೆಯ ಪೊಟ್ಟಣ ಇಟ್ಟು ನೋಡಿದೆ. ತಕ್ಕಡಿ ಸರಿಯಾಗಿಯೇ ಇತ್ತು.

ಕೆಂಚ ನಮ್ಮ ಮನೆಯ ಬಿಯರ್ಡೆಡ್ ಡ್ರ್ಯಾಗನ್. ಊರಿನವರಿಗೆ ಹೇಳುವುದಾದರೆ ಗಡ್ಡವಿರುವ ದಪ್ಪ ಓತಿಕ್ಯಾತ. ಇದು ಬರೀ ಹೋಲಿಕೆಯ ಮಾತಲ್ಲ. ನಮ್ಮ ಹೊಲದ ಬೇಲಿಯ ಮೇಲೆ ತಲೆಯಾಡಿಸುತ್ತ ಕೂರುವ ಓತಿಕ್ಯಾತವೂ ಇವನೂ ಅಗಾಮಿಡೇ ಎಂಬ ಒಂದೇ ಕುಟುಂಬದವು. ಇವನ ಬಳಗದ ಮೂಲ ನೆಲೆ ಆಸ್ಟ್ರೇಲಿಯಾದ ಒಳನಾಡಿನ ಒಣ ಸೀಮೆ. ನಾವಿರುವ ಸಿಡ್ನಿಯಿಂದ ಪಶ್ಚಿಮಕ್ಕೆ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಹೋದರೆ ಬ್ರೋಕನ್ ಹಿಲ್ ಸಿಗುತ್ತದೆ. ಆ ಕಡೆಯ ಕೆಂಪು ಮಣ್ಣಿನಲ್ಲಿ ಇವು ಬೇಲಿಗೂಟಗಳ ಮೇಲೆ ಬಿಸಿಲು ಕಾಯಿಸುತ್ತ ಕೂರುತ್ತವೆ. ಓತಿಕ್ಯಾತಕ್ಕೆ ಬೇಲಿ ಸಾಕ್ಷಿ ಎಂಬ ನಮ್ಮ ಗಾದೆ ಅಲ್ಲಿಗೂ ಸಲ್ಲುತ್ತದೆ.

2016ರಲ್ಲಿ, ಮಗಳಿಗೆ ಒಂಬತ್ತು ವರ್ಷವಾದಾಗ, ಹಟ ಮಾಡಿ ಇವನನ್ನು ತರಿಸಿಕೊಂಡಳು. ಇಲ್ಲಿ, ಅಂದರೆ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ, ಕಾಡಿನಿಂದ ಹಿಡಿದು ತರುವಂತಿಲ್ಲ. ಪರವಾನಗಿ ಇರುವವರು ಮರಿ ಮಾಡಿಸಿ ಮಾರುತ್ತಾರೆ, ಕೊಳ್ಳುವವರಿಗೂ ಪರವಾನಗಿ ಬೇಕು. ಅಂಗೈಯಗಲದ ಕೆಂಬಣ್ಣದ ಮರಿಗೆ ಕೆಂಚ ಎಂಬ ಹೆಸರಿಟ್ಟವರು ನನ್ನ ಅಮ್ಮ, ಅದೂ ಶಿಡ್ಲಘಟ್ಟದಿಂದ ಫೋನಿನಲ್ಲಿ. ಮನೆಯಲ್ಲಿ ಸಾಕಿದ ಈ ಜಾತಿಗೆ ಹತ್ತು ವರ್ಷ ಎಂದರೆ ಮುಪ್ಪು. ಮಗಳು ಈಗ ಕ್ಯಾನ್‌ಬೆರಾದಲ್ಲಿ ಓದುತ್ತಿದ್ದಾಳೆ. ಒಂಬತ್ತು ತುಂಬಿದ ಕೆಂಚ ನಮ್ಮ ಪಾಲಿಗೆ ಉಳಿದ. ಜೂನ್‌ನಲ್ಲಿ ಅಮ್ಮ ನಮ್ಮ ಜೊತೆ ನಾಲ್ಕು ತಿಂಗಳು ಇರಲು ಬಂದರು.

ಜುಲೈನ ಆ ಬೆಳಿಗ್ಗೆಯ ಹೊತ್ತಿಗೆ ಕೆಂಚ ತಿನ್ನುವುದನ್ನು ಬಿಟ್ಟು ಮೂರು ವಾರವಾಗಿತ್ತು. ನಾನು ತಲೆ ಕೆಡಿಸಿಕೊಂಡಿರಲಿಲ್ಲ. ಜೂನ್, ಜುಲೈ ಇಲ್ಲಿ ಚಳಿಗಾಲ. ಈ ಪ್ರಾಣಿಗಳು ಆಗ ಅರೆನಿದ್ದೆಯಲ್ಲಿ ವಾರಗಟ್ಟಲೆ ಮಂಕಾಗಿರುವುದು ಸಹಜ. ಹಿಂದಿನ ಚಳಿಗಾಲಗಳಲ್ಲೂ ಹೀಗೆಯೇ ಮೂಲೆ ಸೇರಿ ಮಲಗಿದ್ದ. ಆದರೆ ಸಹಜವಾದ ಆ ನಿದ್ದೆಯಲ್ಲಿ ತೂಕ ಇಳಿಯುವುದು ತೀರಾ ಕಡಿಮೆ. ಕೆಂಚ ಮೈಯ ಆರರಲ್ಲಿ ಒಂದು ಪಾಲನ್ನು ಕಳೆದುಕೊಂಡಿದ್ದ. ಬಾಲದ ಬುಡದಲ್ಲಿ ಮೂಳೆ ಎದ್ದು ಕಾಣುತ್ತಿತ್ತು. ಪ್ರತಿ ತಿಂಗಳು ತೂಗುವ ಕೆಲಸ ಮಗಳದ್ದಾಗಿತ್ತು. ಅವಳು ಹೋದ ಮೇಲೆ ನಾನು ಮಾರ್ಚ್‌ನಲ್ಲಿ ಒಮ್ಮೆ ತೂಗಿದವಳು, ಆಮೇಲೆ ಆ ಕಡೆ ಗಮನ ಕೊಡಲಿಲ್ಲ. ಆ ತಪ್ಪು ನನ್ನದು.

ಅದೇ ರಾತ್ರಿ ಇನ್ನೊಂದು ತಪ್ಪನ್ನೂ ಮಾಡಿದೆ. ಗಾಬರಿಯಿಂದ ಕುಂಬಳಕಾಯಿ ಬೇಯಿಸಿ, ನುಣ್ಣಗೆ ಅರೆದು, ಸಿರಿಂಜಿಗೆ ತುಂಬಿ, ಅವನ ಬಾಯಿ ಬಿಡಿಸಿ ಒಂದೇ ಸಲಕ್ಕೆ ಒತ್ತಿದೆ. ಅವನ ಗಡ್ಡ ಇದ್ದಿಲಿನಂತೆ ಕಪ್ಪಾಯಿತು. ಒಂದಿಷ್ಟು ನುಂಗಿದ, ಒಂದಿಷ್ಟು ತುಟಿಯಂಚಿನಿಂದ ಇಳಿಯಿತು. ಬೆಳಿಗ್ಗೆ ನೋಡಿದರೆ ನುಂಗಿದ್ದೆಲ್ಲ ಹೊರಗೆ ಬಿದ್ದಿತ್ತು. ಬಣ್ಣ ಬದಲಾಗಿರಲಿಲ್ಲ, ಆದರೆ ಹುಳಿವಾಸನೆ.

ಸರೀಸೃಪಗಳನ್ನು ಬಲ್ಲ ಪಶುವೈದ್ಯೆಯೊಬ್ಬರು ನಮ್ಮ ಮನೆಯಿಂದ ನಲವತ್ತು ನಿಮಿಷ ದೂರದಲ್ಲಿದ್ದಾರೆ. ಅವರು ಬಾಲದಡಿಯ ರಕ್ತನಾಳದಿಂದ ಒಂದೆರಡು ಹನಿ ರಕ್ತ ತೆಗೆದರು, ಎಕ್ಸ್‌ರೇ ಮಾಡಿಸಿದರು. ರಕ್ತದಲ್ಲಿ ಯೂರಿಕ್ ಆಮ್ಲ ಏರಿತ್ತು. ನಮ್ಮ ಮೈಯ ಕಸ ಯೂರಿಯಾ ಆಗಿ ಮೂತ್ರದಲ್ಲಿ ಹೋಗುತ್ತದೆ. ಇವುಗಳದ್ದು ಯೂರಿಕ್ ಆಮ್ಲವಾಗಿ, ಹಕ್ಕಿಯ ಹಿಕ್ಕೆಯಲ್ಲಿ ಕಾಣುವಂಥ ಬಿಳಿ ಮುದ್ದೆಯಾಗಿ ಹೋಗುತ್ತದೆ. ಮುದಿ ಮೂತ್ರಪಿಂಡ ಸೋತಾಗ, ಮೈಯಲ್ಲಿ ನೀರು ಕಡಿಮೆಯಾದಾಗ, ಅದು ಹರಳುಗಟ್ಟಿ ಒಳಗೇ ಕೂರುತ್ತದೆ, ಕೀಲುಗಳಿಗೂ ಇಳಿಯುತ್ತದೆ. ನಮ್ಮ ದೊಡ್ಡಮಾವನ ಹೆಬ್ಬೆರಳನ್ನು ಹಿಂಡುವ ಗೌಟ್ ಕಾಯಿಲೆಯೇ ಇದು. ಕೆಂಚನ ಕೀಲುಗಳು ಇನ್ನೂ ಊದಿಕೊಂಡಿರಲಿಲ್ಲ. ಚರ್ಮದಡಿಗೆ ದ್ರವ ಕೊಟ್ಟು, ಆಮ್ಲ ತಗ್ಗಿಸುವ ಔಷಧವನ್ನೂ ಬರೆದುಕೊಟ್ಟರು.

ಹಿಂದಿನ ರಾತ್ರಿಯ ಕುಂಬಳಕಾಯಿಯ ಕಥೆ ಹೇಳಿದೆ. ಬೈಯಲಿಲ್ಲ. ಅವರು ವಿವರಿಸಿದ್ದನ್ನು ನಾನು ಮನೆಗೆ ಬಂದು ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ: ಇವನ ಮೈಗೆ ಸ್ವಂತ ಕಾವಿಲ್ಲ. ಹೊಟ್ಟೆಯ ಒಲೆ ಹೊತ್ತುವುದೇ ಹೊರಗಿನ ಬಿಸಿಯಿಂದ. ತಣ್ಣಗಿನ ಹೊಟ್ಟೆಗೆ ಹಾಕಿದ ಅನ್ನ ಅಲ್ಲಿಯೇ ಕೊಳೆಯುತ್ತದೆ. ಮೊದಲು ಮೈ ಕಾಯಬೇಕು, ಆಮೇಲೆ ನೀರು ಹೋಗಬೇಕು, ಅನ್ನ ಕೊನೆಗೆ.

ಅಮ್ಮ ತಟ್ಟನೆ ಹೇಳಿದರು: “ಇದನ್ನು ಡಾಕ್ಟರ್ ಹೇಳಬೇಕೇ? ಹುಳುಮನೆಯಲ್ಲಿ ಬೆಳೆದವಳಿಗೆ ನೆನಪಾಗಬಾರದೇ?”

ನಮ್ಮದು ರೇಷ್ಮೆ ಸಾಕುತ್ತಿದ್ದ ಮನೆ. ಚಳಿಗಾಲದಲ್ಲಿ ಹುಳುಮನೆಯೊಳಗೆ ಇದ್ದಿಲಿನ ಒಲೆ ಇಟ್ಟು ಕಾವು ಮಾಡುತ್ತಿದ್ದರು. ಚಾಕಿ ಹುಳುವಿಗಂತೂ, ಅಂದರೆ ಎಳೆಯ ಮರಿಹುಳುವಿಗಂತೂ, ಕಾವು ತಪ್ಪಿದರೆ ಸೊಪ್ಪು ಎಷ್ಟು ಹಾಕಿದರೂ ದಂಡ. ಜ್ವರಕ್ಕೆ ಕುಳಿತ ಹುಳುವಿಗೆ, ಅಂದರೆ ಪೊರೆ ಬಿಡಲು ತಲೆಯೆತ್ತಿ ಅಲುಗಾಡದೆ ನಿಂತ ಹುಳುವಿಗೆ, ಸೊಪ್ಪನ್ನೇ ಹಾಕುವುದಿಲ್ಲ. ತಟ್ಟೆಯಲ್ಲಿರುವ ಹುಳುಗಳೆಲ್ಲ ಜ್ವರ ಏಳುವ ತನಕ ಕಾಯುತ್ತಾರೆ. ಕಾಯುವುದೂ ಆ ಕಸುಬಿನ ಅರ್ಧ ಕೆಲಸ. ಅಮ್ಮ ನಲವತ್ತು ವರ್ಷ ಮಾಡಿದ ಕೆಲಸ ಅದು.

ಆ ಮಧ್ಯಾಹ್ನವೇ ಕೆಂಚನ ಗಾಜಿನ ಪೆಟ್ಟಿಗೆಯನ್ನು ಪರೀಕ್ಷೆ ಮಾಡಿದೆವು. ದೀಪದಡಿಯ ಕಲ್ಲು 40 ಡಿಗ್ರಿಯ ಆಸುಪಾಸಿನಲ್ಲಿ ಇರಬೇಕು. ಥರ್ಮಾಮೀಟರ್ ಹಿಡಿದರೆ 33. ಸಿಡ್ನಿಯ ಹಳೆಯ ಮನೆಗಳಲ್ಲಿ ಚಳಿ ಗೋಡೆಯೊಳಗಿಂದಲೇ ಬರುತ್ತದೆ. ಹೊರಗೆ ಆರು ಡಿಗ್ರಿ ಇದ್ದ ದಿನಗಳಲ್ಲಿ ಬೇಸಿಗೆಗೆ ಸಾಕಾಗುತ್ತಿದ್ದ ದೀಪ ಸಾಲದೆ ಹೋಗಿತ್ತು. ಪಕ್ಕದಲ್ಲಿದ್ದ ಯುವಿಬಿ ಟ್ಯೂಬನ್ನು ಹಾಕಿ ಹದಿನಾಲ್ಕು ತಿಂಗಳಾಗಿತ್ತು. ಅದು ಬೆಳಗುತ್ತಲೇ ಇತ್ತು, ಆದರೆ ನಮ್ಮ ಕಣ್ಣಿಗೆ ಕಾಣುವ ಬೆಳಕಿಗೂ ಅದರಲ್ಲಿ ಉಳಿದಿರುವ ನೇರಳಾತೀತ ಕಿರಣಕ್ಕೂ ಸಂಬಂಧವಿಲ್ಲ. ಆ ಕಿರಣ ಸಾಕಷ್ಟು ಸಿಗದಿದ್ದರೆ ಮೈಯಲ್ಲಿ ಡಿ ವಿಟಮಿನ್ ತಯಾರಾಗದು, ತಿಂದ ಸುಣ್ಣದಂಶ ಮೂಳೆಗೆ ಸೇರದು. ಆರು ತಿಂಗಳಿಂದ ವರ್ಷದೊಳಗೆ ಬದಲಾಯಿಸಬೇಕಾದ ಟ್ಯೂಬ್ ಅದು. ಎರಡನ್ನೂ ಬದಲಾಯಿಸಿದೆವು. ಕಲ್ಲು 40ಕ್ಕೆ ಏರಿತು. ಕೆಂಚ ತೆವಳಿಕೊಂಡು ಹೋಗಿ, ಹೊಟ್ಟೆ ಚಪ್ಪಟೆ ಮಾಡಿ, ಆ ಕಲ್ಲಿಗೆ ಅಂಟಿಕೊಂಡ.

ಮೂರು ದಿನ ಬರೀ ಬಿಸಿಲು, ನೀರು. ಬೆಳಿಗ್ಗೆ ಪ್ಲಾಸ್ಟಿಕ್ ಟಬ್ಬಿನಲ್ಲಿ ಅವನ ಮೊಣಕೈ ಮುಳುಗುವಷ್ಟೇ ಉಗುರುಬೆಚ್ಚಗಿನ ನೀರು, ಹತ್ತು ನಿಮಿಷ. ಗದ್ದ ನೀರಿಗೆ ಇಳಿಯದಂತೆ ನನ್ನ ಅಂಗೈ ಅವನ ಎದೆಯಡಿ ಇರುತ್ತಿತ್ತು. ಆಮೇಲೆ ಮೂಗಿನ ತುದಿಗೆ ಒಂದೊಂದೇ ಹನಿ. ಹನಿ ಜಾರಿ ತುಟಿಗೆ ಬಂದಾಗ ನಾಲಿಗೆ ಚಾಚಿ ಒರೆಸಿಕೊಳ್ಳುತ್ತಿದ್ದ. ನಾಲ್ಕನೆಯ ದಿನ ವೈದ್ಯೆ ಗಂಜಿಗೆ ಒಪ್ಪಿದರು. ಸೊಪ್ಪು ತಿನ್ನುವ ಪ್ರಾಣಿಗಳ ಆರೈಕೆಗೆಂದೇ ಸಿಗುವ ಪುಡಿಯನ್ನು ನೀರಿನಲ್ಲಿ ಕದಡಿ, ಬೇಯಿಸಿದ ಸಿಹಿಗುಂಬಳವನ್ನು ಒಂದಿಷ್ಟು ಸೇರಿಸಿ, ದಿನಕ್ಕೆ ಎರಡು ಮಿಲಿ ಲೀಟರ್‌ನಿಂದ ಆರಂಭ. ಹೊತ್ತು ಬೆಳಿಗ್ಗೆ ಹತ್ತೂವರೆ, ಎರಡು ಗಂಟೆ ಮೈ ಕಾಯಿಸಿಕೊಂಡ ಮೇಲೆ. ತಿಂದದ್ದು ಕರಗಲು ಸಂಜೆಯವರೆಗೆ ದೀಪ ಇರಬೇಕು.

ಸಿರಿಂಜನ್ನು ಅಮ್ಮನೇ ಇಸಿದುಕೊಂಡರು. “ಇದು ಒಳಲೆಯ ಕೆಲಸ, ನಿನಗೆ ಬರುವುದಿಲ್ಲ,” ಎಂದರು.

ಒಳಲೆಯನ್ನು ಈಗಿನ ಮಕ್ಕಳು ನೋಡಿರಲಾರರು. ಹಸುಗೂಸಿಗೆ ಹಾಲು, ಔಷಧ ಕುಡಿಸುವ, ಮುಂದೆ ಚೂಪಾದ ಮೂತಿಯಿರುವ ಪುಟ್ಟ ಬಟ್ಟಲು ಅದು. ನನಗೆ ಕುಡಿಸಿದ ಬೆಳ್ಳಿಯ ಒಳಲೆ ಊರಿನ ಬೀರುವಿನಲ್ಲಿ ಈಗಲೂ ಇದೆ. ಅಮ್ಮ ಹಳೆಯ ಹತ್ತಿಸೀರೆಯ ತುಂಡೊಂದನ್ನು ಕೆಂಚನ ಬೆನ್ನ ಮೇಲಿಂದ ಸುತ್ತಿ, ಅವನ ತಲೆ ತುಸು ಮೇಲಿರುವಂತೆ ತೊಡೆಯ ಮೇಲೆ ಮಲಗಿಸಿಕೊಂಡರು. ಬೆರಳಿನಿಂದ ದವಡೆಯ ಬದಿಯನ್ನು ಸವರಿದರು. ಸೂಜಿಯಿಲ್ಲದ ಸಿರಿಂಜಿನ ತುದಿಯಿಂದ ಒಂದು ತೊಟ್ಟು ತುಟಿಯಂಚಿಗೆ. ನೆಕ್ಕಿದ. ಇನ್ನೊಂದು. ನೆಕ್ಕಲು ಬಾಯಿ ತೆರೆದ ಹೊತ್ತಿಗೆ ಬಾಯಿಯ ಮೂಲೆಗೆ ತುದಿ ಇಟ್ಟು ಇನ್ನೊಂದು ತೊಟ್ಟು ಬಿಟ್ಟರು, ನಿಲ್ಲಿಸಿದರು. ಗಂಟಲ ಚರ್ಮ ಒಮ್ಮೆ ಇಳಿದು ಏರಿತು.

“ಮಗುವಿನ ಮೂಗು ಹಿಡಿದು ಒಳಲೆ ಸುರಿಯುವವರನ್ನು ನೋಡಿದ್ದೇನೆ. ನಿನಗೆ ನಾನು ಹಾಗೆ ಹಾಕಲಿಲ್ಲ. ಕೆನ್ನೆಯೊಳಗೆ ಒಂದು ತೊಟ್ಟು, ಅದನ್ನು ನುಂಗಿದ ಮೇಲೆ ಮುಂದಿನದು.”

ಬಾಯಿ ತೆರೆದಾಗ ನಾನು ಬಗ್ಗಿ ನೋಡಿದೆ. ಗುಲಾಬಿ ಬಣ್ಣದ ದಪ್ಪ ನಾಲಿಗೆಯ ಬುಡದಲ್ಲಿ ಸಣ್ಣ ಸೀಳೊಂದು ತೆರೆದು ಮುಚ್ಚುತ್ತಿತ್ತು. ಅದೇ ಅವನ ಉಸಿರಿನ ದಾರಿ, ಬಾಯಿಯಲ್ಲಿ ಅಷ್ಟು ಮುಂದೆಯೇ ಇದೆ. ಆ ರಾತ್ರಿ ನಾನು ಒಂದೇ ಸಲಕ್ಕೆ ಒತ್ತಿದ ಕುಂಬಳಕಾಯಿ ಅದರೊಳಗೆ ಇಳಿದಿದ್ದರೆ ಅವನು ಬೆಳಗು ಕಾಣುತ್ತಿರಲಿಲ್ಲ. ನನ್ನ ಕೈ ನಡುಗಿತು. ಅಮ್ಮನ ಕೈ ನಡುಗಲಿಲ್ಲ. ಎರಡು ಮಿಲಿ ಲೀಟರ್ ಮುಗಿಯಲು ಇಪ್ಪತ್ತೈದು ನಿಮಿಷ ಹಿಡಿಯಿತು. ನಡುವೆ ಒಮ್ಮೆ ಗಡ್ಡದ ಮುಳ್ಳುಗಳ ಕೆಳಗೆ ಕಪ್ಪು ಹರಡತೊಡಗಿದಾಗ ಅವರು ಸಿರಿಂಜನ್ನು ಕೆಳಗಿಟ್ಟು, ಆ ಕಪ್ಪು ಇಳಿಯುವ ತನಕ ಅವನ ಹಣೆಯನ್ನು ಸವರುತ್ತ ಸುಮ್ಮನೆ ಕೂತರು.

ಹೀಗೆ ದಿನವೂ. ಎರಡು ಮೂರಾಯಿತು, ಮೂರು ನಾಲ್ಕಾಯಿತು. ಅವನಿಗೆಂದೇ ಬೇರೆ ತಕ್ಕಡಿ ಕೊಂಡೆವು. ಸರೀಸೃಪಗಳ ಮೈಮೇಲೆ, ಹಿಕ್ಕೆಯಲ್ಲಿ ಸಾಲ್ಮೊನೆಲ್ಲಾ ಎಂಬ, ನಮ್ಮ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರಬಹುದು. ಅಡುಗೆಯ ಪಾತ್ರೆ, ಸಿಂಕ್ ಅವನಿಗೆ ತಾಗಬಾರದು. ಹುಳುಮನೆಗೆ ಕೈಕಾಲು ತೊಳೆಯದೆ ಕಾಲಿಡದ ಅಮ್ಮನಿಗೆ ಇದನ್ನು ಕಲಿಸಬೇಕಾಗಿರಲಿಲ್ಲ. ಒಂದು ವಿಷಯದಲ್ಲಿ ಮಾತ್ರ ಅವರಿಗೆ ಬೇಸರವಾಯಿತು. ನಿತ್ರಾಣಕ್ಕೆ ಪಾಲಕ್, ದಂಟಿನ ಸೊಪ್ಪು ಅರೆದು ಕೊಡೋಣ ಎಂದಿದ್ದರು. ಆ ಎರಡರಲ್ಲೂ ಆಕ್ಸಲೇಟ್ ಹೆಚ್ಚು, ಅದು ಸುಣ್ಣದಂಶವನ್ನು ಹಿಡಿದಿಟ್ಟುಕೊಳ್ಳುತ್ತದೆ. ಬದಲಿಗೆ ನಮ್ಮ ಹಿತ್ತಲಿನ ದಾಸವಾಳ ಆಗುತ್ತದೆ ಎಂದು ತಿಳಿದಾಗ ಹಿಗ್ಗಿದರು. ಔಷಧ ಸಿಂಪಡಿಸದ ಗಿಡ ಅದು. ಚಳಿಗೆ ಅಪರೂಪಕ್ಕೆ ಒಂದು ಹೂ ಬಿಟ್ಟರೆ ಅರ್ಧ ದೇವರಿಗೆ, ಅರ್ಧ ಕೆಂಚನ ಮುಂದೆ. ಅವನು ಮುಟ್ಟುತ್ತಿರಲಿಲ್ಲ. ಆದರೂ ಇಡುವುದನ್ನು ಬಿಡಲಿಲ್ಲ.

ಊರಿನಿಂದ ಚಿಕ್ಕಮ್ಮ ಫೋನ್ ಮಾಡಿದಾಗ ವಿಷಯ ಹೊರಬಿತ್ತು. ಮೊದಲ ದಿನವೇ ಖರ್ಚು ನಾನೂರು ಡಾಲರ್ ದಾಟಿದ್ದನ್ನು ಕೇಳಿ, “ಒಂದು ಓತಿಕ್ಯಾತಕ್ಕೆ ಅಷ್ಟು ದುಡ್ಡೇ ಅಕ್ಕ?” ಎಂದರು.

“ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗೆ ರೋಗ ಬಂದು ಎಲ್ಲ ಹೊರಗೆ ಚೆಲ್ಲಿದ ವರ್ಷ ನೀನು ಹುಳುಮನೆಯ ಬಾಗಿಲಲ್ಲಿ ಕೂತು ಅತ್ತಿದ್ದೆ. ಬರೀ ದುಡ್ಡಿಗೇ ಅತ್ತೆಯೇನೇ?” ಎಂದರು ಅಮ್ಮ.

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಚಿಕ್ಕಮ್ಮ ಮೆಲ್ಲಗೆ ಕೇಳಿದರು: “ಈಗ ಏನು ತಿನ್ನಿಸುತ್ತಿದ್ದೀರಿ?”

ಎರಡನೆಯ ವಾರ ಕಷ್ಟದ್ದು. ತೂಕ 355ಕ್ಕೆ ಇಳಿಯಿತು. ಕೀಲು ಊದಿದರೆ, ನೋವು ಹೆಚ್ಚಿದರೆ ಅವನನ್ನು ಮದ್ದು ಕೊಟ್ಟು ಕೊನೆಯ ನಿದ್ದೆಗೆ ಕಳಿಸುವ ಮಾತನ್ನು ಯೋಚಿಸಬೇಕಾದೀತು ಎಂದು ವೈದ್ಯೆ ಮೆಲುದನಿಯಲ್ಲಿ ಹೇಳಿದ್ದರು. ಆ ಮಾತನ್ನು ನಾನು ಮಗಳಿಗೆ ಮುಚ್ಚಿಡಲಿಲ್ಲ. ಅವಳು ಶುಕ್ರವಾರ ರಾತ್ರಿಯ ಬಸ್ಸು ಹತ್ತಿ ಬಂದಳು, ಶನಿವಾರವಿಡೀ ಅವನನ್ನು ಎದೆಯ ಮೇಲೆ ಹಾಕಿಕೊಂಡು ಕೂತಳು. ಒಂದೊಂದೇ ಕಾಲನ್ನು ಬಿಡಿಸಿ, ಬೆರಳುಗಳ ಗಂಟುಗಳನ್ನು ಒತ್ತಿ ನೋಡಿದಳು. ಊದಿರಲಿಲ್ಲ. “ಇನ್ನೂ ಸಮಯವಿದೆ ಅಮ್ಮಾ,” ಎಂದಳು.

ಹೊರಡುವ ಮುನ್ನ ಅವಳೇ ಒಂದು ಪುಟ್ಟ ಡಬ್ಬಿ ತಂದಿಟ್ಟಳು. ಇಲ್ಲಿ ಸರೀಸೃಪಗಳ ಮೇವಿಗೆಂದು ರೇಷ್ಮೆ ಹುಳು ಮಾರುತ್ತಾರೆ. ಹಿಪ್ಪುನೇರಳೆ ಎಲೆಯ ಪುಡಿಯಿಂದ ಮಾಡಿದ ಮುದ್ದೆಯ ಮೇಲೆ ಸಾಕಿದವು. ಪ್ರೋಟೀನ್ ಹೆಚ್ಚಾದಷ್ಟೂ ಯೂರಿಕ್ ಆಮ್ಲ ಹೆಚ್ಚುವುದರಿಂದ ವಾರಕ್ಕೆ ಎರಡೇ ದಿನ, ದಿನಕ್ಕೆ ಎರಡೇ ಹುಳು ಎಂದು ವೈದ್ಯೆ ಮಿತಿ ಹಾಕಿದ್ದರು. ಅಮ್ಮ ಮುಚ್ಚಳ ತೆಗೆದು ಕನ್ನಡಕ ಹಾಕಿಕೊಂಡರು.

“ಮೂರನೆಯ ಜ್ವರ ಎದ್ದಿವೆ. ಇದೊಂದು ಇನ್ನೂ ಕೂತಿದೆ, ಇದನ್ನು ಮುಟ್ಟಬೇಡಿ,” ಎಂದು ಒಂದನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ತುಂಬಾ ಹೊತ್ತು ಡಬ್ಬಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದರು. ಅವರ ಮನಸ್ಸಿನಲ್ಲಿ ಏನಿತ್ತೋ ನಾನು ಕೇಳಲಿಲ್ಲ.

ಗಂಜಿ ಆರಂಭವಾದ ಹತ್ತೊಂಬತ್ತನೆಯ ದಿನ, ಕಲ್ಲಿನ ಮುಂದೆ ಅಮ್ಮ ಒಂದು ಹುಳುವನ್ನು ಬಿಟ್ಟರು. ಅದು ಎದೆಯೆತ್ತಿ ಅತ್ತಿತ್ತ ಅರಸಿತು. ಕೆಂಚನ ಎಡಗಣ್ಣು ತಿರುಗಿತು. ತಲೆ ತಿರುಗಿತು. ಬಾಲದ ತುದಿ ಒಮ್ಮೆ ಮಿಸುಕಿತು. ನಾಲಿಗೆಯ ತುದಿ ಹೊರಗೆ ಬಂದು, ಅಲ್ಲಿಯೇ ನಿಂತಿತು, ಹಾರುವ ಮುನ್ನ ಯೋಚಿಸುವವರಂತೆ. ನಾವು ಮೂವರೂ, ಕಚೇರಿಗೆ ಹೊರಟು ಷೂ ಹಾಕಿಕೊಳ್ಳುತ್ತಿದ್ದ ನನ್ನ ಗಂಡನೂ ಸೇರಿ, ಉಸಿರು ಬಿಗಿಹಿಡಿದಿದ್ದೆವು. ಮುಂದಿನ ಗಳಿಗೆ ಹುಳು ಅಲ್ಲಿರಲಿಲ್ಲ. ದವಡೆ ಎರಡು ಬಾರಿ ಆಡಿತು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಎರಡನೆಯದನ್ನು ಬಿಟ್ಟರು.

ಆಗಸ್ಟ್ ಕೊನೆಗೆ ಅವನು 384 ಗ್ರಾಂ ಮುಟ್ಟಿದ. ಸೊಪ್ಪನ್ನು ತಾನೇ ತಿನ್ನುತ್ತಾನೆ. ಗಂಜಿ ಈಗ ವಾರಕ್ಕೆ ಎರಡು ಸಲ ಮಾತ್ರ. ಔಷಧ ಅವನಿರುವ ತನಕ ಇರುತ್ತದೆ. ಮೂತ್ರಪಿಂಡ ಹಿಂದಿನಂತಾಗುವುದಿಲ್ಲ ಎಂಬುದು ನಮಗೆ ಗೊತ್ತಿದೆ. ಸೆಪ್ಟೆಂಬರ್ ಕೊನೆಗೆ ಅಮ್ಮ ಊರಿಗೆ ಹೊರಟಾಗ ಸಿರಿಂಜ್ ನನ್ನ ಕೈಗೆ ಬಂತು. ಒಂದು ತೊಟ್ಟು ಬಿಟ್ಟು ಗಂಟಲ ಚರ್ಮ ಇಳಿದು ಏರುವುದನ್ನು ನೋಡುತ್ತೇನೆ, ಆಮೇಲೆ ಇನ್ನೊಂದು.

ಶಿಡ್ಲಘಟ್ಟದಲ್ಲಿ ಬೆಳಿಗ್ಗೆ ಏಳು ಗಂಟೆಗೆ ಅಮ್ಮ ವಿಡಿಯೋ ಕರೆ ಮಾಡುತ್ತಾರೆ. ಕಾಫಿ ಆಯಿತೇ ಎಂದು ನಾನು ಕೇಳುವುದರೊಳಗೆ ಅವರ ಪ್ರಶ್ನೆ ಬಂದಿರುತ್ತದೆ: “ಇವತ್ತು ಎಷ್ಟು ಗ್ರಾಂ?” ಈಗೀಗ ಅವರ ಹೆಗಲ ಮೇಲಿನಿಂದ ಚಿಕ್ಕಮ್ಮನೂ ಇಣುಕುತ್ತಾರೆ.