ಠಾಣೆಯಿಂದ ಬೋರಿಬಂದರಿಗೆ, ದಿನವೂ

ಕುಂದಾಪುರದಿಂದ ಅತ್ತೆ ಫೋನ್ ಮಾಡಿದಾಗಲೆಲ್ಲ ಒಂದೇ ವಿಷಯಕ್ಕೆ ಮರುಗುತ್ತಾರೆ. "ದಿನಾ ಅದೇ ರೈಲು, ಅದೇ ನೂಕುನುಗ್ಗಲು, ಹೇಗೆ ಬದುಕುತ್ತೀಯೋ ಮಾರಾಯ್ತಿ!" ಅವರ ಅಕ್ಕರೆ ನನಗೆ ಗೊತ್ತು. ಆದರೂ ಅವರಿಗೆ ಫೋನಿನಲ್ಲಿ ಬಿಡಿಸಿ ಹೇಳಲಾಗದ ಒಂದು ಮಾತನ್ನು ಇಲ್ಲಿ ಬರೆದಿಡುತ್ತೇನೆ. ಒಂದೇ ದಾರಿಯಲ್ಲಿ ವರ್ಷಗಟ್ಟಲೆ ಹೋಗಿ ಬಂದವರಿಗೆ ಮಾತ್ರ ಕಾಣುವ ಸಂತೋಷಗಳು ಈ ಮುಂಬಯಿಯಲ್ಲಿವೆ. ಎರಡು ದಿನಕ್ಕೆಂದು ಬಂದು ಗೇಟ್‌ವೇ, ಜುಹೂ ನೋಡಿ ಹೋಗುವವರಿಗೆ ಅವು ಸಿಗುವುದಿಲ್ಲ. ನಿನ್ನೆ ಏನಿತ್ತು ಎಂಬುದು ನೆನಪಿದ್ದರೆ ತಾನೇ ಇಂದು ಏನು ಬದಲಾಗಿದೆ ಎಂಬುದು ಕಣ್ಣಿಗೆ ಬೀಳುವುದು?

ನನ್ನ ದಾರಿ ಠಾಣೆಯಿಂದ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ಗೆ. ಅಲ್ಲಿಂದ ನಡೆದು ಫೋರ್ಟ್ ಬಡಾವಣೆಯ ನಮ್ಮ ಬ್ಯಾಂಕಿಗೆ. ಈ ಹಳಿಯ ಮೇಲೆ ನನಗೆ ಸ್ವಲ್ಪ ಹೆಮ್ಮೆಯೂ ಇದೆ. 1853ರ ಏಪ್ರಿಲ್ 16ರಂದು ದೇಶದ ಮೊದಲ ಪ್ರಯಾಣಿಕರ ರೈಲು ಓಡಿದ್ದು ಬೋರಿಬಂದರಿನಿಂದ, ಅಂದರೆ ಈಗಿನ ಟರ್ಮಿನಸ್ ಇರುವ ಕಡೆಯಿಂದಲೇ, ಠಾಣೆಗೆ. 14 ಬೋಗಿ, ಸುಮಾರು 400 ಜನ, 34 ಕಿಲೋಮೀಟರ್. ಎಳೆಯಲು ಮೂರು ಎಂಜಿನ್‌ಗಳಿದ್ದವು: ಸಾಹಿಬ್, ಸಿಂಧ್ ಮತ್ತು ಸುಲ್ತಾನ್. ಅಂದು ಆ 400 ಜನ ಕಿಟಕಿಗೆ ಮುಖವಿಟ್ಟು ಎಷ್ಟು ಬೆರಗಿನಿಂದ ನೋಡಿರಬೇಕು! ಅದೇ ದೂರವನ್ನು ನಾನು ಮಡಿಲಲ್ಲಿ ಊಟದ ಡಬ್ಬಿ ಇಟ್ಟುಕೊಂಡು ದಿನಕ್ಕೆರಡು ಬಾರಿ ದಾಟುತ್ತೇನೆ.

ಬೆಳಿಗ್ಗೆ ನಾನು ಹಿಡಿಯುವುದು ಠಾಣೆಯಿಂದಲೇ ಹೊರಡುವ, ಎಲ್ಲ ನಿಲ್ದಾಣಗಳಲ್ಲೂ ನಿಲ್ಲುವ ಸ್ಲೋ ಲೋಕಲ್. ಫಾಸ್ಟ್ ಹಿಡಿದರೆ ಬೇಗ ತಲುಪಬಹುದು ನಿಜ, ಆದರೆ ಅದು ಕಲ್ಯಾಣದ ಕಡೆಯಿಂದ ತುಂಬಿಕೊಂಡೇ ಬರುತ್ತದೆ. ಸ್ಲೋ ಲೋಕಲ್ ಖಾಲಿ ಬಂದು ನಿಲ್ಲುತ್ತದೆ, ಓಡಿ ಹತ್ತಿದರೆ ಕಿಟಕಿ ಸಿಗುತ್ತದೆ. ನಾನು ಬಲಗಡೆಯ ಕಿಟಕಿಯನ್ನೇ ಹುಡುಕುತ್ತೇನೆ. ಮುಲುಂಡ್ ದಾಟಿ ಭಾಂಡುಪ್ ಬರುವವರೆಗೆ ಕಟ್ಟಡಗಳ ಸಂದಿಯಲ್ಲಿ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಗುಡ್ಡಸಾಲು ಕಾಣಿಸುತ್ತದೆ. ಊರಿನ ಮಧ್ಯೆ ಸುಮಾರು 104 ಚದರ ಕಿಲೋಮೀಟರ್ ಕಾಡು, ಅದರಲ್ಲಿ ಚಿರತೆಗಳೂ ಇವೆ. ಮೇ ತಿಂಗಳಲ್ಲಿ ಆ ಗುಡ್ಡ ಒಣಗಿ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಬೆಳಗಿನಿಂದ ಬೆಳಗಿಗೆ ಹಸಿರು ಮೇಲೇರುವುದನ್ನು ನೋಡಬೇಕು. ಜುಲೈ ಹೊತ್ತಿಗೆ ಮೋಡ ಗುಡ್ಡದ ನೆತ್ತಿಯ ಮೇಲೆ ಕುಳಿತುಬಿಟ್ಟಿರುತ್ತದೆ. ಕೊಲ್ಲೂರಿನ ಕಡೆ ಕೊಡಚಾದ್ರಿಯನ್ನು ನೋಡುತ್ತಾ ಬೆಳೆದವಳಿಗೆ ಕಚೇರಿಗೆ ಹೋಗುವ ದಾರಿಯಲ್ಲೇ ಇಷ್ಟು ಸಿಗುವುದು ಸಣ್ಣ ಮಾತಲ್ಲ.

ಕಿಟಕಿ ಸಿಗದಿದ್ದರೂ ಬೇಸರವಿಲ್ಲ, ಒಳಗೂ ನೋಡಲು ಬೇಕಾದಷ್ಟಿದೆ. ಮಹಿಳೆಯರ ಬೋಗಿಗೆ ಅದರದ್ದೇ ಆದ ಕಾನೂನಿದೆ. ಎಲ್ಲೂ ಬರೆದಿಟ್ಟಿಲ್ಲ, ಎಲ್ಲರಿಗೂ ಬಾಯಿಪಾಠ. ಮೂವರು ಕೂರುವ ಸೀಟಿನಲ್ಲಿ ಒತ್ತಿಕೊಂಡು ನಾಲ್ಕನೆಯವಳಿಗೆ ಜಾಗ ಕೊಡಬೇಕು. ನಿಂತವಳು ಕುಳಿತವಳನ್ನು "ಕುಠೆ?" ಎಂದು ಕೇಳಬಹುದು, ಎಲ್ಲಿ ಇಳಿಯುತ್ತೀ ಎಂದು. ಕುಳಿತವಳು "ದಾದರ್" ಅಂದಳೋ, ಆ ಸೀಟು ದಾದರಿನಿಂದ ಮುಂದಕ್ಕೆ ಕೇಳಿದವಳದ್ದು. ಅವಳು ಬಾಗಿಲ ಹತ್ತಿರ ಹೋಗಿ ನಿಂತಿರಲಿ, ಮಧ್ಯದಲ್ಲಿ ಹತ್ತು ಜನ ಬಂದಿರಲಿ, ದಾದರ್ ಬಂದಾಗ ಕುಳಿತವಳು ಅವಳನ್ನೇ ಕೂಗಿ ಕರೆದು ಸೀಟು ಒಪ್ಪಿಸುತ್ತಾಳೆ. ಹೆಸರು ಗೊತ್ತಿಲ್ಲ, ಮತ್ತೆ ಸಿಗುವ ಖಾತ್ರಿಯಿಲ್ಲ, ಆದರೂ ಕೊಟ್ಟ ಮಾತು ಮಾತೇ. ಎಷ್ಟು ಸಲ ನೋಡಿದರೂ ನನಗೆ ಇದು ಹಳತಾಗಿಲ್ಲ.

ಸಂಜೆ ಮರಳುವಾಗ ನನ್ನನ್ನು ಕೇಳಿದವರಿಗೆ ನಿರಾಸೆ. ಠಾಣೆ ಕೊನೆಯ ನಿಲ್ದಾಣ, ಅಲ್ಲಿಯವರೆಗೆ ನಾನು ಏಳಬೇಕಾಗಿಲ್ಲ. ಅದಕ್ಕೇ ಘಾಟ್ಕೋಪರ್ ಬಂದ ಮೇಲೆ ಎದ್ದು, ಮುಂದಿದ್ದವರನ್ನು ಕೂರಿಸಿ, ಉಳಿದ ದಾರಿ ನಿಂತೇ ಹೋಗುವುದನ್ನು ರೂಢಿ ಮಾಡಿಕೊಂಡಿದ್ದೇನೆ. ಇದನ್ನು ನನಗೆ ಕಲಿಸಿದ್ದು ಮುಲುಂಡ್‌ನಲ್ಲಿ ಇಳಿಯುವ ಒಬ್ಬ ಶಾಲಾ ಶಿಕ್ಷಕಿ. ಅವರನ್ನು ನಾವೆಲ್ಲ ತಾಯಿ ಎಂದೇ ಕರೆಯುತ್ತೇವೆ, ಮರಾಠಿಯಲ್ಲಿ ಅಕ್ಕನಿಗೆ ಹೇಳುವಂತೆ. ಸಂಜೆಯ ರೈಲಿನಲ್ಲಿ ತಾಯಿ ಮೆಂತ್ಯ ಸೊಪ್ಪು ಬಿಡಿಸುತ್ತಾರೆ. ಚಳಿಗಾಲದಲ್ಲಿ ಹಸಿ ಬಟಾಣಿ ಸುಲಿಯುತ್ತಾರೆ. ಎದುರು ಕುಳಿತವರು ಸುಮ್ಮನೆ ಕೈ ಚಾಚುತ್ತಾರೆ, ಅವರ ಬೊಗಸೆಗೂ ಒಂದಷ್ಟು ಕಾಯಿ ಬೀಳುತ್ತವೆ. ಕುರ್ಲಾದಿಂದ ವಿಕ್ರೋಳಿಯೊಳಗೆ ಒಂದು ಮನೆಯ ರಾತ್ರಿ ಅಡುಗೆಯ ಅರ್ಧ ಕೆಲಸ ಮುಗಿದಿರುತ್ತದೆ. ಪಕ್ಕದ ಬೋಗಿಯಲ್ಲಿ ಗಂಡಸರ ಭಜನಾ ಮಂಡಳಿಯಿದ್ದ ದಿನ ತಾಳದ ಸದ್ದು ನಮ್ಮವರೆಗೂ ಬರುತ್ತದೆ, ಬಟಾಣಿ ಸುಲಿಯುವ ಕೈಗಳೂ ಚುರುಕಾಗುತ್ತವೆ.

ಕಷ್ಟ ಇಲ್ಲವೆಂದಲ್ಲ. ಕುರ್ಲಾ, ಸಯನ್ ನಡುವೆ ನೆಲ ತಗ್ಗು. ಜೋರು ಮಳೆ ಬಂದು ಸಮುದ್ರದ ಉಬ್ಬರವೂ ಕೂಡಿದರೆ ಹಳಿಯ ಮೇಲೆ ನೀರು ನಿಲ್ಲುತ್ತದೆ, ರೈಲು ನಿಂತಲ್ಲೇ ನಿಲ್ಲುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿದಿತ್ತು. ಆ ರಾತ್ರಿಯ ಬಗ್ಗೆ ತಾಯಿ ಇಂದಿಗೂ ಹೇಳುತ್ತಾರೆ. ಮೊಣಕಾಲು ನೀರಿನಲ್ಲಿ ಹಳಿಯುದ್ದ ನಡೆದು ಬಂದವರಿಗೆ ಪಕ್ಕದ ಗುಡಿಸಲುಗಳ ಜನ ಬಿಸ್ಕತ್ತು, ಚಹಾ ಹಿಡಿದು ನಿಂತಿದ್ದರಂತೆ. ಅವರ ಮನೆಯೊಳಗೂ ಅಂದು ನೀರಿತ್ತು.

ನವರಾತ್ರಿಯ ಸೊಗಸನ್ನು ಬೇರೆಯಾಗಿಯೇ ಹೇಳಬೇಕು. ಒಂಬತ್ತು ದಿನಕ್ಕೆ ಒಂಬತ್ತು ಬಣ್ಣಗಳ ಪಟ್ಟಿ ಪತ್ರಿಕೆಗಳಲ್ಲಿ ಮೊದಲೇ ಬಂದಿರುತ್ತದೆ. ಅಂದಿನ ಬಣ್ಣವನ್ನು ಅಂದು ಉಡಬೇಕು. ಯಾರ ಬಲವಂತವೂ ಇಲ್ಲ, ಆದರೂ ಹಳದಿಯ ದಿನ ಠಾಣೆಯ ಪ್ಲಾಟ್‌ಫಾರ್ಮಿಗೆ ಇಳಿಯುವ ಮೆಟ್ಟಿಲ ಮೇಲೆ ನಿಂತು ನೋಡಿದರೆ, ನಮ್ಮ ಬೋಗಿ ನಿಲ್ಲುವ ಕಡೆ ಹಳದಿಯೋ ಹಳದಿ. ಬ್ಯಾಂಕಿನ ಮ್ಯಾನೇಜರ್, ಆಸ್ಪತ್ರೆಯ ನರ್ಸ್, ಮೀನಿನ ಬುಟ್ಟಿಯವಳು, ಕಾಲೇಜಿನ ಹುಡುಗಿ, ಬೋಗಿಯಲ್ಲಿ ಕೂದಲಿನ ಕ್ಲಿಪ್ಪು ಮಾರುವ ಮುದುಕಿ, ಎಲ್ಲರೂ ಒಂದೇ ಬಣ್ಣ. ಮರುದಿನ ಅಷ್ಟೂ ಜನ ಹಸಿರು. ಆ ಒಂಬತ್ತು ದಿನ ಯಾರೂ ಮೊಬೈಲ್ ನೋಡುತ್ತಾ ಕೂರುವುದಿಲ್ಲ. ಯಾರ ಸೀರೆ ಎಲ್ಲಿಯದು, ಯಾವ ಅಂಚು, ಅತ್ತೆಯದ್ದೋ ಅಮ್ಮನದ್ದೋ ಎಂಬ ಮಾತೇ ಮಾತು. ನನ್ನ ಅಮ್ಮನ ಮದುವೆಯ ಕಾಲದ ನೇರಳೆ ಸೀರೆ ಪೆಟ್ಟಿಗೆಯಿಂದ ಹೊರಬಂದದ್ದು ಇಂಥ ಒಂದು ದಿನಕ್ಕಾಗಿಯೇ. ದಸರೆಗೆ ಮುಂಚಿನ ಕೆಲಸದ ದಿನ ಬೋಗಿಗೆ ಚೆಂಡುಹೂವಿನ ಮಾಲೆ, ಮಾವಿನ ತೋರಣ. ದೇವಿಯ ಪಟಕ್ಕೆ ಆರತಿಯಾಗಿ, ಪೇಡೆ ಕೈಯಿಂದ ಕೈಗೆ ದಾಟುತ್ತದೆ. ನಮ್ಮನ್ನು ಹೊತ್ತು ಓಡುವ ವಾಹನಕ್ಕೆ ಆಯುಧಪೂಜೆ ಮಾಡುವುದು ನಮ್ಮ ಕಡೆಯ ಪದ್ಧತಿಯೂ ಹೌದು. ಆದರೆ ಸರ್ಕಾರದ ರೈಲನ್ನು ಇಷ್ಟು ಜನ ಸ್ವಂತದ್ದೆಂದು ಭಾವಿಸಿ ಸಿಂಗರಿಸುವುದನ್ನು ನಾನು ಕಂಡದ್ದು ಇಲ್ಲಿ ಮಾತ್ರ.

ಟರ್ಮಿನಸ್‌ನಲ್ಲಿ ಇಳಿದ ಮೇಲೆ ನನ್ನ ಇನ್ನೊಂದು ಖುಷಿ ಶುರು. ಎಲ್ಲರೂ ತಲೆ ತಗ್ಗಿಸಿ ಓಡುವ ಆ ಕಟ್ಟಡದಲ್ಲಿ ನಾನು ತಲೆ ಎತ್ತುತ್ತೇನೆ. ಎಫ್. ಡಬ್ಲ್ಯು. ಸ್ಟೀವನ್ಸ್ ವಿನ್ಯಾಸ ಮಾಡಿದ ಕಟ್ಟಡ ಇದು. ಕೆಲಸ 1878ರಲ್ಲಿ ಆರಂಭವಾಗಿ ಮುಗಿಯಲು ಹತ್ತು ವರ್ಷ ಹಿಡಿಯಿತು. ಕಲ್ಲಿನ ಕೆತ್ತನೆಯಲ್ಲಿ ಜೆ. ಜೆ. ಕಲಾಶಾಲೆಯ ವಿದ್ಯಾರ್ಥಿಗಳ ಕೈಯಿದೆ. 2004ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನನಗೆ ಮಾತ್ರ ಇದು ಕಲ್ಲಿನ ಪ್ರಾಣಿಗಳ ಮನೆ. ಮುಖ್ಯ ಗೇಟಿನ ಕಂಬಗಳ ಮೇಲೆ ಒಂದು ಕಡೆ ಸಿಂಹ, ಇನ್ನೊಂದು ಕಡೆ ಹುಲಿ. ಅವು ಎಲ್ಲರಿಗೂ ಕಾಣುತ್ತವೆ. ಆದರೆ ಕಮಾನುಗಳ ಮೂಲೆಯಲ್ಲಿ ನವಿಲಿದೆ, ಕೋತಿಯಿದೆ, ಎಲೆಬಳ್ಳಿಯ ನಡುವೆ ಇಣುಕುವ ಹಕ್ಕಿಯಿದೆ, ಗೋಡೆಯಿಂದ ಮುಂದಕ್ಕೆ ಕತ್ತು ಚಾಚಿದ ಹೆಸರಿಲ್ಲದ ಮೃಗಗಳಿವೆ. ಎಲ್ಲವನ್ನೂ ನೋಡಿ ಮುಗಿಸಿದೆ ಎಂದುಕೊಂಡ ವಾರವೇ ಹೊಸದೊಂದು ಮುಖ ಕಾಣಿಸುತ್ತದೆ. ಇಷ್ಟು ಎತ್ತರದಲ್ಲಿ ಯಾರೂ ನೋಡದ ಜಾಗದಲ್ಲಿ ಒಬ್ಬ ವಿದ್ಯಾರ್ಥಿ ಅಷ್ಟು ಶ್ರದ್ಧೆಯಿಂದ ಹಕ್ಕಿಯ ರೆಕ್ಕೆಯ ಗೆರೆಗಳನ್ನು ಕೆತ್ತಿದ್ದಾನಲ್ಲ, ದಿನಕ್ಕೊಬ್ಬರಾದರೂ ಅದನ್ನು ನೋಡಬೇಕಲ್ಲವೇ?

ಮಧ್ಯಾಹ್ನದ ಊಟಕ್ಕೆ ಹವೆ ಚೆನ್ನಾಗಿದ್ದರೆ ಹಾರ್ನಿಮನ್ ಸರ್ಕಲ್ ಉದ್ಯಾನಕ್ಕೆ ಹೋಗುತ್ತೇನೆ. ಬಾಂಬೆ ಕ್ರಾನಿಕಲ್ ಪತ್ರಿಕೆಯ ಸಂಪಾದಕರಾಗಿ ಬ್ರಿಟಿಷರ ವಿರುದ್ಧ ಬರೆದ ಇಂಗ್ಲಿಷಿನವ ಬೆಂಜಮಿನ್ ಹಾರ್ನಿಮನ್ ಅವರ ಹೆಸರು ಅದಕ್ಕೆ. ದೊಡ್ಡ ಮರಗಳ ನೆರಳಿನ ಬೆಂಚುಗಳಲ್ಲಿ ಫೋರ್ಟಿನ ನೌಕರರೆಲ್ಲ ಡಬ್ಬಿ ಬಿಚ್ಚಿರುತ್ತಾರೆ. ಡಬ್ಬಿ ತರದ ದಿನ ಹತ್ತಿರದ ಗಲ್ಲಿಯ ಉಡುಪಿ ಹೋಟೆಲು. ನನ್ನ ಸೋದರಮಾವ ಹುಡುಗನಾಗಿ ಊರು ಬಿಟ್ಟು ಬಂದು, ಇದೇ ಫೋರ್ಟಿನ ಹೋಟೆಲೊಂದರಲ್ಲಿ ಹಗಲು ಮೇಜು ಒರೆಸಿ, ರಾತ್ರಿ ಕನ್ನಡದ ರಾತ್ರಿಶಾಲೆಯಲ್ಲಿ ಓದಿ, ಮೆಟ್ರಿಕ್ ಮುಗಿಸಿ ಗುಮಾಸ್ತರಾದವರು. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಇಂಥ ಒಬ್ಬ ಮಾವ, ಒಬ್ಬ ಚಿಕ್ಕಪ್ಪ ಇದ್ದೇ ಇರುತ್ತಾರೆ. ಅದಕ್ಕೇ ನೀರಿನ ಲೋಟ ತಂದಿಡುವ ಹುಡುಗನನ್ನು ನಾನು ಒಂದು ಕ್ಷಣ ಹೆಚ್ಚೇ ನೋಡುತ್ತೇನೆ. ಈಗಿರುವ ಹುಡುಗ ಬೈಂದೂರಿನವನು. ನಾನು ಕುಳಿತ ಕೂಡಲೇ "ಅಕ್ಕ, ಊರಲ್ಲಿ ಮಳೆ ಹೇಗಿದೆಯಂತೆ?" ಎಂದು ಕೇಳುತ್ತಾನೆ. ಅವನ ಮನೆಗೂ ನನ್ನ ಮನೆಗೂ ಇರುವ ದೂರದಲ್ಲಿ ಮಳೆ ಬೇರೆಯೇನೂ ಆಗಿರುವುದಿಲ್ಲ. ಆದರೂ ಇಬ್ಬರೂ ಸುದ್ದಿ ಹೇಳಿಕೊಳ್ಳುತ್ತೇವೆ. ಗಲ್ಲಾದ ಮೇಲೆ ಕುಳಿತ ಹಿರಿಯರೂ ಮಧ್ಯೆ ಬಾಯಿ ಹಾಕುತ್ತಾರೆ. ಸೌಪರ್ಣಿಕೆಯಲ್ಲಿ ನೀರು ಎಷ್ಟು ಬಂತು ಎಂದು ಫೋರ್ಟಿನಲ್ಲಿ ಕುಳಿತು ಮೂವರು ಚರ್ಚಿಸುತ್ತೇವೆ.

ಸಂಬಳದ ದಿನ ಸಂಜೆ ನನಗೆ ನಾನೇ ಕೊಟ್ಟುಕೊಳ್ಳುವ ಉಡುಗೊರೆ 115ನೇ ನಂಬರಿನ ಬಸ್. ಟರ್ಮಿನಸ್‌ನಿಂದ ನರಿಮನ್ ಪಾಯಿಂಟಿನ ಎನ್‌ಸಿಪಿಎ ರಂಗಮಂದಿರದ ಕಡೆಗೆ ಹೋಗುವ ಎರಡಂತಸ್ತಿನ ಬಸ್ಸು. ಹಳೆಯ ಡೀಸೆಲ್ ಡಬಲ್ ಡೆಕರ್‌ಗಳು 2023ರ ಸೆಪ್ಟೆಂಬರ್‌ನಲ್ಲಿ ರಸ್ತೆ ಬಿಟ್ಟಾಗ ಜನ ಹೂಮಾಲೆ ಹಾಕಿ ಕಳಿಸಿಕೊಟ್ಟರು. ಅದೇ ವರ್ಷ ವಿದ್ಯುತ್ತಿನ ಹೊಸ ಬಸ್ಸುಗಳು ಬಂದವು. ಮೇಲಂತಸ್ತಿನ ಮುಂದಿನ ಸೀಟು ಸಿಕ್ಕರೆ ಕೊಂಬೆಗಳು ಗಾಜಿಗೇ ತಾಗಿದಂತೆ ಬರುತ್ತವೆ. ಕೆಳಗೆ ನಡೆಯುವಾಗ ಅಂಗಡಿಯ ಬೋರ್ಡುಗಳಷ್ಟೇ ಕಾಣುವ ಬೀದಿಯಲ್ಲಿ ಮೇಲಿನಿಂದ ಬಾಲ್ಕನಿಯ ಕಬ್ಬಿಣದ ಕಸೂತಿ, ಒಣಹಾಕಿದ ಹಪ್ಪಳ, ಕಿಟಕಿಯಲ್ಲಿ ಮಲಗಿದ ಬೆಕ್ಕು ಕಾಣುತ್ತವೆ. ಇಳಿದ ಕಡೆ ಸಮುದ್ರ. ಅದು ನಮ್ಮ ಮರವಂತೆಯ ಸಮುದ್ರವೇ ತಾನೇ, ಅರಬ್ಬಿ.

ಎರಡನೆಯ, ನಾಲ್ಕನೆಯ ಶನಿವಾರ ಬ್ಯಾಂಕಿಗೆ ರಜೆ. ಉಳಿದ ಶನಿವಾರ ಮರಳುವಾಗ ಮಾಟುಂಗಾದಲ್ಲಿ ಇಳಿಯುತ್ತೇನೆ. ಸ್ಲೋ ಲೋಕಲ್ ಹಿಡಿಯುವುದರ ದೊಡ್ಡ ಲಾಭವೇ ಇದು, ಫಾಸ್ಟ್ ಅಲ್ಲಿ ನಿಲ್ಲುವುದಿಲ್ಲ. 2017ರಿಂದ ಈ ನಿಲ್ದಾಣವನ್ನು ಪೂರ್ತಿ ಮಹಿಳಾ ಸಿಬ್ಬಂದಿಯೇ ನಡೆಸುತ್ತಿದ್ದಾರೆ. ಹೊರಬಂದರೆ ಕೆಸುವಿನ ಎಲೆ, ಬಾಳೆದಿಂಡು, ಮಂಗಳೂರು ಸೌತೆ, ಕಾಫಿಬೀಜ ಹುರಿಯುವ ಘಮ. ಮಾರ್ಕೆಟ್ ಕಟ್ಟಡದ ಮೇಲೆ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರಿಂದ ಊಟ ಬಡಿಸುತ್ತಿದೆ. ಸಾಲಿನಲ್ಲಿ ಕಾದು ಬಾಳೆಎಲೆಯ ಮುಂದೆ ಕುಳಿತರೆ ವಾರದ ದಣಿವು ಸಾರಿನ ಮೊದಲ ತುತ್ತಿಗೇ ಇಳಿಯುತ್ತದೆ.

ಆಮೇಲೆ ಹೂವಿನ ಅಂಗಡಿಗಳ ಸಾಲು. ಉಡುಪಿಯ ಬಳಿಯ ಶಂಕರಪುರದ ಮಲ್ಲಿಗೆ ಮುಂಬಯಿಗೂ ಬರುತ್ತದೆ. ಬಾಳೆಯ ನಾರಿನಲ್ಲಿ ಒತ್ತೊತ್ತಾಗಿ ಕಟ್ಟಿದ ಮೊಗ್ಗು. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮದುವೆಯ ಕಾಲದಲ್ಲಿ ದರ ಎಲ್ಲಿಗೆ ಏರುತ್ತದೋ ಹೇಳಲಾಗದು, ಮಳೆಗಾಲದಲ್ಲಿ ಸಿಗುವುದೇ ಕಷ್ಟ. ನಾನು ಚೆಂಡು ಕೊಳ್ಳುವುದು ಯಾವಾಗಲೋ ಒಮ್ಮೆ, ಹೆಚ್ಚಾಗಿ ಒಂದು ತುಂಡು ಸಾಕು. ಅಷ್ಟನ್ನೇ ಹಿಡಿದು ರೈಲು ಹತ್ತಿದರೂ ಬೋಗಿಯ ಆ ತುದಿಯವರು ಈ ಕಡೆ ತಿರುಗುತ್ತಾರೆ. ಅದನ್ನು ಮುರಿಮುರಿದು ಹಂಚುತ್ತಾ ಹೋದರೆ ಮುಲುಂಡ್ ಬರುವ ಹೊತ್ತಿಗೆ ನನ್ನ ಜಡೆಗೆ ಬೆರಳುದ್ದ ಉಳಿದಿರುತ್ತದೆ. ಕಳೆದ ಶನಿವಾರ ತಾಯಿ ಹೂವನ್ನು ಕೈಯಲ್ಲಿ ತಿರುಗಿಸಿ ನೋಡಿ, ನಾರಿನ ಗಂಟನ್ನು ಮುಟ್ಟಿ ನೋಡಿ, ಇದು ಎಲ್ಲಿಯದು ಎಂದು ಕೇಳಿದರು. ಅವರ ಮಗಳಿಗೆ ಏಳನೆಯ ತಿಂಗಳು. ಇವರಲ್ಲೂ ಸೀಮಂತದ ಶಾಸ್ತ್ರದಲ್ಲಿ ಬಸುರಿಗೆ ಹೂವಿನದ್ದೇ ಒಡವೆ ಮಾಡಿ ತೊಡಿಸುತ್ತಾರೆ: ಬಳೆ, ಬಾಜುಬಂದಿ, ಸೊಂಟದ ಡಾಬು. ಅದಕ್ಕೆ ಈ ಮಲ್ಲಿಗೆಯೇ ಆಗಬೇಕಂತೆ. ಒಂದು ಅಟ್ಟೆ ಬೇಕು, ಮದುವೆಯ ಕಾಲ ಬೇರೆ. ಅಂಗಡಿಯ ಅಮ್ಮನಿಗೆ ಈ ವಾರವೇ ಹೇಳಿಡುತ್ತೇನೆಂದು ತಾಯಿಗೆ ಮಾತು ಕೊಟ್ಟಿದ್ದೇನೆ.