ಬಿಸಿಯಾದರೆ ಮಿಣುಕುವ ಆಯಿಲ್ ದೀಪ: ಹುಡುಕಾಟದ ದಿನಚರಿ

ಶನಿವಾರ

ನನ್ನ ಹಳೆ ಪೆಟ್ರೋಲ್ ಕಾರಿನ ಆಯಿಲ್ ಪ್ರೆಶರ್ ದೀಪ ಮಿಣುಕಲು ಶುರುವಾಗಿದೆ. ಅದೇ, ಕೆಂಪು ಎಣ್ಣೆಗಿಂಡಿ ಚಿತ್ರದ್ದು. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ತಕ್ಷಣ ಆರುತ್ತದೆ. ಒಂದಷ್ಟು ದೂರ ಓಡಿ, ಎಂಜಿನ್ ಚೆನ್ನಾಗಿ ಬಿಸಿಯಾಗಿ, ಎಲ್ಲಾದರೂ ನಿಂತಾಗ ಮಾತ್ರ ಮಿಣಮಿಣ ಅನ್ನುತ್ತದೆ. ಆಕ್ಸಲರೇಟರ್ ಸ್ವಲ್ಪ ಒತ್ತಿದರೆ ಮಾಯ.

ತುಂಬ ಜನ ಇದನ್ನು ಆಯಿಲ್ ಕಡಿಮೆಯಾದಾಗ ಉರಿಯುವ ದೀಪ ಅಂದುಕೊಳ್ಳುತ್ತಾರೆ. ಇದು ನೋಡುವುದು ಒತ್ತಡವನ್ನು. ಎಂಜಿನ್‌ಗೆ ತಿರುಗಿಸಿ ಕೂರಿಸಿದ ಸ್ವಿಚ್ಚಿನೊಳಗೆ ಒಂದು ಸ್ಪ್ರಿಂಗ್, ಒಂದು ತೆಳು ಪೊರೆ ಇರುತ್ತವೆ. ಒತ್ತಡ ಸುಮಾರು 0.3ರಿಂದ 0.5 ಬಾರ್, ಅಂದರೆ 4ರಿಂದ 7 ಪಿಎಸ್‌ಐಗಿಂತ ಕೆಳಗಿಳಿದರೆ ಒಳಗಿನ ಕಾಂಟ್ಯಾಕ್ಟ್ ಕೂಡಿಕೊಂಡು ವೈರ್ ಎಂಜಿನ್ನಿನ ಲೋಹಕ್ಕೆ ಸೇರಿ ಅರ್ಥ್ ಆಗುತ್ತದೆ, ದೀಪ ಉರಿಯುತ್ತದೆ. ಅಂದರೆ ದೀಪ ಕಾಣುವ ಹೊತ್ತಿಗೆ ಒತ್ತಡ ತಳ ಮುಟ್ಟಿರುತ್ತದೆ. ಹಾಗಾಗಿ ಕಾರಣ ಸಿಗುವವರೆಗೆ ಕಾರು ರಸ್ತೆಗೆ ಇಳಿಯುವುದಿಲ್ಲ.

ಮೊದಲು ಸುಲಭದ ಕೆಲಸಗಳು. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಆಯಿಲ್ ಕೆಳಗಿಳಿಯಲು ಬಿಟ್ಟು ಡಿಪ್‌ಸ್ಟಿಕ್ ನೋಡಿದೆ. ಮಟ್ಟ ಮೇಲಿನ ಗುರುತಿನ ಹತ್ತಿರವೇ ಇದೆ. ಪೆಟ್ರೋಲ್ ವಾಸನೆ ಇಲ್ಲ, ಹಾಲಿನ ಬಣ್ಣಕ್ಕೂ ತಿರುಗಿಲ್ಲ, ಅಂದರೆ ಪೆಟ್ರೋಲಾಗಲಿ ನೀರಾಗಲಿ ಬೆರೆತಿಲ್ಲ. ಇಗ್ನಿಷನ್ ಆನ್ ಮಾಡಿ ಸ್ವಿಚ್ಚಿನ ವೈರ್ ಕಿತ್ತೆ, ದೀಪ ಆರಿತು. ಅದೇ ವೈರನ್ನು ಎಂಜಿನ್ ಬ್ಲಾಕ್‌ಗೆ ಮುಟ್ಟಿಸಿದೆ, ಉರಿಯಿತು. ವೈರ್ ಎಲ್ಲೋ ಸವೆದು ಕಾರಿನ ಲೋಹದ ಮೈಗೆ ತಾಗುತ್ತಿದ್ದರೆ ಕಿತ್ತ ಮೇಲೂ ಉರಿಯುತ್ತಿರಬೇಕಿತ್ತು. ಸದ್ಯಕ್ಕೆ ವೈರಿಂಗ್ ಮೇಲೆ ಅನುಮಾನ ಇಲ್ಲ.

ಸ್ವಿಚ್ಚಿನ ಕನೆಕ್ಟರ್ ಒಳಗೆ ಮಾತ್ರ ಆಯಿಲ್ ಜಿನುಗಿದೆ. ನೋಡಿದವರೆಲ್ಲ ‘ಸೆನ್ಸರ್ ಹೋಗಿದೆ, ಬದಲಾಯಿಸಿದರೆ ಮುಗೀತು’ ಅನ್ನುತ್ತಿದ್ದಾರೆ. ಎಷ್ಟೋ ಸಲ ಅದು ನಿಜವೂ ಹೌದು. ಆದರೆ ಒಂದು ಸ್ವಿಚ್ 0.5ಕ್ಕೆ ಎಚ್ಚರಿಸಿದರೆ ಇನ್ನೊಂದು 0.3ಕ್ಕೆ ಎಚ್ಚರಿಸಬಹುದು. ಹೊಸದು ಹಾಕಿದಾಗ ದೀಪ ಆರಿ, ಕಾಯಿಲೆ ಒಳಗೇ ಉಳಿದರೆ ಏನು ಮಾಡೋದು? ಅಳತೆ ಮಾಡದೆ ನಾನು ಏನನ್ನೂ ಬದಲಾಯಿಸುವುದಿಲ್ಲ.

ಭಾನುವಾರ

ಸ್ವಿಚ್ ಬಿಚ್ಚಿ ಅದೇ ತೂತಿಗೆ ಮುಳ್ಳಿನ ಪ್ರೆಶರ್ ಗೇಜ್ ಹಾಕಿದೆ. ಗೇಜ್ ಜೊತೆ ಬರುವ ಅಡಾಪ್ಟರ್‌ಗಳಲ್ಲಿ ಸರಿಯಾದ ಥ್ರೆಡ್ ಆರಿಸಿ, ಮೊದಲ ಸುತ್ತುಗಳನ್ನು ಕೈಯಲ್ಲೇ ತಿರುಗಿಸಬೇಕು. ಅಲ್ಯೂಮಿನಿಯಂ ಥ್ರೆಡ್ ಹೋದರೆ ಬೇರೆಯೇ ತಲೆನೋವು. ಹೋಸ್ ಅನ್ನು ಎಕ್ಸಾಸ್ಟ್‌ಗೂ ಬೆಲ್ಟ್‌ಗೂ ತಾಗದ ಹಾಗೆ ಕಟ್ಟಿದೆ.

ತಣ್ಣಗಿದ್ದಾಗ ಐಡಲ್‌ನಲ್ಲಿ (ಆಕ್ಸಲರೇಟರ್ ಒತ್ತದೆ ಎಂಜಿನ್ ಓಡುವಾಗ) 45 ಪಿಎಸ್‌ಐ. ಚೆನ್ನಾಗಿದೆ. ಬಿಸಿಯಾಗುತ್ತ ಹೋದಂತೆ ಮುಳ್ಳು ಇಳಿಯುತ್ತಲೇ ಹೋಯಿತು. ರೇಡಿಯೇಟರ್ ಫ್ಯಾನ್ ಒಂದೆರಡು ಸಲ ತಿರುಗಿ ನಿಂತ ಮೇಲೆ ಐಡಲ್‌ನಲ್ಲಿ 5ರ ಆಸುಪಾಸು. ದೀಪ ಸುಳ್ಳು ಹೇಳುತ್ತಿರಲಿಲ್ಲ!

ಪ್ರತಿ 1000 ಆರ್‌ಪಿಎಂಗೆ (ಎಂಜಿನ್ ನಿಮಿಷಕ್ಕೆ ಸುತ್ತುವ ಲೆಕ್ಕ) 10 ಪಿಎಸ್‌ಐ ಇರಬೇಕು ಅನ್ನೋದು ಹಳೆಯ ಅಂದಾಜು. ಸರಿಯಾದ ಲೆಕ್ಕ ಆಯಾ ಕಾರಿನ ಮ್ಯಾನುಯಲ್‌ನಲ್ಲಿರುತ್ತದೆ. ನನ್ನದಕ್ಕೆ 3000 ಆರ್‌ಪಿಎಂನಲ್ಲಿ 40ರ ಮೇಲಿರಬೇಕು. 2000ಕ್ಕೆ 24ರವರೆಗೆ ಏರಿದ್ದು, 3000ಕ್ಕೆ ಹೋದಾಗ ಮತ್ತೆ ಏರಲಿಲ್ಲ. ಮುಳ್ಳು ಅಲ್ಲೇ ನಡುಗುತ್ತ 20ಕ್ಕೆ ಜಾರಿತು. ಎಂಜಿನ್ನಿನ ತಿರುಗುವ ಭಾಗಗಳನ್ನು ಹೊರುವ ಬೇರಿಂಗ್ ಸವೆದಿದ್ದರೆ ಒತ್ತಡ ಕಡಿಮೆ ಇದ್ದರೂ ಆರ್‌ಪಿಎಂ ಜೊತೆ ಏರುತ್ತದೆ. ಏರದೆ ನಡುಗಿದರೆ ಪಂಪ್‌ಗೆ ಎಳೆದುಕೊಳ್ಳಲು ಬೇಕಾದಷ್ಟು ಆಯಿಲ್ ಸಿಗುತ್ತಿಲ್ಲವೇನೋ ಅನ್ನಿಸಿತು.

ಖಚಿತ ಮಾಡಿಕೊಳ್ಳಲು ಎಂಜಿನ್ ಆಫ್ ಮಾಡಿ ಇಪ್ಪತ್ತು ನಿಮಿಷ ಬಿಟ್ಟೆ. ಆಯಿಲ್ ಇನ್ನೂ ಬಿಸಿಯೇ ಇತ್ತು. ಮತ್ತೆ ಸ್ಟಾರ್ಟ್ ಮಾಡಿದರೆ ಐಡಲ್‌ನಲ್ಲಿ 16! ನೋಡನೋಡುತ್ತಲೇ ಕೆಲವೇ ನಿಮಿಷಗಳಲ್ಲಿ 6ಕ್ಕೆ ಬಂತು. ಸವೆದ ಬೇರಿಂಗ್ ವಿಶ್ರಾಂತಿ ಕೊಟ್ಟರೆ ಸರಿಹೋಗುವುದಿಲ್ಲ, ಅಲ್ವಾ? ಓಡುವಾಗ ಏನೋ ಸ್ಟ್ರೈನರ್‌ಗೆ, ಅಂದರೆ ಪಂಪ್ ಆಯಿಲ್ ಎಳೆಯುವ ಪೈಪಿನ ಬಾಯಿಯ ಜಾಲರಿಗೆ, ಬಂದು ಅಂಟಿಕೊಳ್ಳುತ್ತಿದೆ, ನಿಂತಾಗ ಕಳಚಿ ಬೀಳುತ್ತಿದೆ. ಇಡೀ ಹುಡುಕಾಟದಲ್ಲಿ ನನಗೆ ತುಂಬ ಖುಷಿ ಕೊಟ್ಟ ಪರೀಕ್ಷೆ ಇದು. ಒಂದು ಸ್ಪ್ಯಾನರ್ ಕೂಡ ಬೇಕಾಗಲಿಲ್ಲ.

ಮುಂದಿನ ವಾರಾಂತ್ಯ

ಕಾರನ್ನು ಜಾಕ್ ಸ್ಟ್ಯಾಂಡ್ ಮೇಲೆ ಕೂರಿಸಿ ಆಯಿಲ್ ಇಳಿಸಿದೆ. ಟಾರ್ಚ್ ಹಿಡಿದು ನೋಡಿದರೆ ಲೋಹದ ಮಿನುಗು ಇಲ್ಲ. ಬೇರಿಂಗ್ ಸವೆದಿದೆಯೇನೋ ಅನ್ನುವ ಅರ್ಧ ಭಯ ಅಲ್ಲೇ ಹೋಯಿತು. ಎಕ್ಸಾಸ್ಟ್ ಪೈಪ್ ಸರಿಸಿ, ಎಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ತಟ್ಟೆ, ಅಂದರೆ ಆಯಿಲ್ ಚೇಂಬರ್‌ನ ಬೋಲ್ಟ್‌ಗಳನ್ನು ಬಿಚ್ಚಿದ್ದಾಯಿತು. ಚೇಂಬರ್ ಮಾತ್ರ ಅಲುಗಲಿಲ್ಲ, ಅಷ್ಟು ಸೀಲೆಂಟ್ (ಸೋರದ ಹಾಗೆ ಅಂಚಿಗೆ ಹಚ್ಚುವ ಅಂಟು) ಮೆತ್ತಿದ್ದರು. ಸ್ಕ್ರೂಡ್ರೈವರ್ ತೂರಿಸಿ ಎತ್ತಿದರೆ ಕೂಡುವ ಅಂಚು ಗೀರುತ್ತದೆ. ತೆಳು ಬ್ಲೇಡಿನಿಂದ ಸುತ್ತಲೂ ಬಿಡಿಸುತ್ತ, ಮರದ ತುಂಡು ಇಟ್ಟು ತಟ್ಟಿ ಇಳಿಸಿದೆ.

ಸ್ಟ್ರೈನರ್ ಕಂಡಾಗ ಎಲ್ಲ ಅರ್ಥವಾಯಿತು. ಬಚ್ಚಲಿನ ಜಾಲರಿಗೆ ಕೂದಲು ಕಟ್ಟಿಕೊಂಡ ಹಾಗೆ, ಕಿತ್ತಳೆ ಬಣ್ಣದ ಸೀಲೆಂಟ್ ಎಳೆಗಳು ಕಪ್ಪು ಜಿಡ್ಡಿನ ಜೊತೆ ಸೇರಿ ಜಾಲರಿಯ ಅರ್ಧಕ್ಕಿಂತ ಜಾಸ್ತಿ ಮುಚ್ಚಿದ್ದವು. ಒಂದು ಎಳೆಯನ್ನು ಚಿಮಟದಲ್ಲಿ ಎಳೆದೆ. ರಬ್ಬರಿನ ಹಾಗೆ ಹಿಗ್ಗಿ ಪಟ್ ಅಂತ ಬಿಟ್ಟಿತು. ಹಿಂದೆ ಯಾರೋ ಚೇಂಬರ್ ಕೂರಿಸುವಾಗ ಟ್ಯೂಬ್‌ಗಟ್ಟಲೆ ಹಚ್ಚಿದ್ದಾರೆ. ಹೊರಗೆ ಉಬ್ಬಿದ್ದು ಕಣ್ಣಿಗೆ ಕಾಣುತ್ತದೆ, ಒಳಗೆ ಉಬ್ಬಿದ್ದು ಕಾಣುವುದಿಲ್ಲ. ಅದು ಬಿಸಿ ಆಯಿಲ್‌ನಲ್ಲಿ ಕಳಚಿ ನೇರ ಇಲ್ಲಿಗೆ ಬರುತ್ತದೆ.

ಸ್ಟ್ರೈನರನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಬ್ರಷ್ ಆಡಿಸಿ, ಒಳಗಿನಿಂದ ಹೊರಕ್ಕೆ ಗಾಳಿ ಹೊಡೆದೆ. ಪೈಪಿನ ಓ-ರಿಂಗ್ (ರಬ್ಬರ್ ಬಳೆ) ಗಟ್ಟಿಯಾಗಿ ಚಪ್ಪಟೆಯಾಗಿತ್ತು. ಅಲ್ಲಿ ಗಾಳಿ ಎಳೆದರೂ ಒತ್ತಡ ಬೀಳುತ್ತದೆ. ಹೊಸದು ಹಾಕಿದೆ. ಚೇಂಬರ್ ಅಂಚನ್ನು ಪೂರ್ತಿ ಒರೆಸಿ, ಬೋಲ್ಟ್ ತೂತುಗಳ ಒಳಬದಿಯಲ್ಲಿ ಸುಮಾರು 3 ಮಿ.ಮೀ. ದಪ್ಪದ ಒಂದೇ ಗೆರೆ ಸೀಲೆಂಟ್ ಎಳೆದೆ. ಬೋಲ್ಟ್‌ಗಳನ್ನು ನಡುವಿನಿಂದ ಆಚೀಚೆಗೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದೆ.

ಸೀಲೆಂಟ್ ಒಣಗಿದ ಮೇಲೆ

ಹೊಸ ಫಿಲ್ಟರ್, ಮ್ಯಾನುಯಲ್ ಹೇಳಿದ ಗ್ರೇಡಿನ ಹೊಸ ಆಯಿಲ್. ಎಂಜಿನ್ ಶುರುವಾಗದ ಹಾಗೆ ಫ್ಯೂಯೆಲ್ ಪಂಪ್ ಫ್ಯೂಸ್ ತೆಗೆದು, ಗೇಜಿನ ಮುಳ್ಳು ಏಳುವವರೆಗೆ ಬಿಟ್ಟು ಬಿಟ್ಟು ಕ್ರ್ಯಾಂಕ್ ಮಾಡಿದೆ, ಅಂದರೆ ಸ್ಟಾರ್ಟರ್‌ನಿಂದ ಎಂಜಿನ್ ತಿರುಗಿಸಿದೆ. ಆಮೇಲೆಯೇ ಸ್ಟಾರ್ಟ್.

ಪೂರ್ತಿ ಬಿಸಿಯಾದಾಗ ಐಡಲ್‌ನಲ್ಲಿ 17, 3000ಕ್ಕೆ 48. ಮುಳ್ಳು ನಡುಗುತ್ತಿಲ್ಲ. ಆಫ್ ಮಾಡಿ, ಕಾದು, ಮತ್ತೆ ಓಡಿಸಿದರೂ ಅದೇ ಅಳತೆ.

ಜಿನುಗುತ್ತಿದ್ದ ಸ್ವಿಚ್ಚನ್ನೂ ಈಗ ಬದಲಾಯಿಸಿದೆ. ಥ್ರೆಡ್‌ಗೆ ಟೆಫ್ಲಾನ್ ಟೇಪ್ ಸುತ್ತಲಿಲ್ಲ. ಒಂದೇ ವೈರಿನ ಸ್ವಿಚ್ಚಿಗೆ ಅರ್ಥ್ ಸಿಗುವುದೇ ಥ್ರೆಡ್ ಮೂಲಕ. ಟೇಪ್ ಅದನ್ನು ತಡೆದರೆ ನಿಜವಾಗಿ ಒತ್ತಡ ಬಿದ್ದಾಗಲೂ ದೀಪ ಉರಿಯದೇ ಹೋಗಬಹುದು. ಇಗ್ನಿಷನ್ ಆನ್ ಮಾಡಿದಾಗ ದೀಪ ಹತ್ತುತ್ತದೆ, ಎಂಜಿನ್ ಶುರುವಾದ ಕೂಡಲೇ ಆರುತ್ತದೆ.

ಒಳಗೆ ಇನ್ನೂ ಚೂರುಪಾರು ಉಳಿದಿರಬಹುದು. ಅದಕ್ಕೇ ಈ ಆಯಿಲನ್ನು ಪೂರ್ತಿ ಅವಧಿ ಓಡಿಸುವುದಿಲ್ಲ, 1000 ಕಿ.ಮೀ.ಗೇ ಇಳಿಸುತ್ತೇನೆ. ಆಗ ಫಿಲ್ಟರನ್ನು ಕತ್ತರಿಸಿ, ಒಳಗಿನ ಕಾಗದ ಬಿಡಿಸಿ ನೋಡುವುದಿದೆ.