ಆರು ನಟಿಯರು, ಒಂದು ನೋಟ್‌ಬುಕ್: ‘ಬ್ರೈಡ್ಸ್‌ಮೇಡ್ಸ್’ ನೋಡುವ ಕೆಲಸ, ಆರನೇ ವಾರದವರೆಗೆ

ವಾರ 1

‘ಬ್ರೈಡ್ಸ್‌ಮೇಡ್ಸ್’ ಚಿತ್ರವನ್ನು ಆರು ಸಲ ನೋಡಬೇಕು. ಪ್ರತಿ ಸಲ ಒಬ್ಬ ನಟಿಯನ್ನು ಮಾತ್ರ ಹಿಂಬಾಲಿಸಬೇಕು. ಮದುಮಗಳು ಮತ್ತು ಅವಳ ಐವರು ಗೆಳತಿಯರು, ಒಟ್ಟು ಆರು ಜನ. ಅವರು ಮಾತಾಡುವಾಗ ಏನು ಮಾಡುತ್ತಾರೆ, ಬೇರೆಯವರು ಮಾತಾಡುವಾಗ ಏನು ಮಾಡುತ್ತಾರೆ ಅಂತ ಬರೆದಿಡಬೇಕು. ಇಷ್ಟೇ ಯೋಜನೆ.

ಇದು ಪೋಲಿ ಹಾಸ್ಯದ ಸಿನಿಮಾ. ಅಮೆರಿಕದಲ್ಲಿ ಆರ್ ರೇಟಿಂಗ್ ಪಡೆದದ್ದು, ಅಂದರೆ ಹದಿನೇಳು ತುಂಬದವರು ದೊಡ್ಡವರ ಜೊತೆಗೇ ನೋಡಬೇಕಾದದ್ದು. ಇದರ ಹೆಸರು ತೆಗೆದರೆ ಜನರಿಗೆ ಮೊದಲು ನೆನಪಾಗುವುದು ಮದುವೆ ಗೌನಿನ ಅಂಗಡಿಯಲ್ಲಿ ಗೆಳತಿಯರಿಗೆ ಹೊಟ್ಟೆ ಕೆಡುವ ದೃಶ್ಯ. ಇದೇ ಸಿನಿಮಾಕ್ಕೆ ಎರಡು ಆಸ್ಕರ್ ನಾಮನಿರ್ದೇಶನವೂ ಬಂದವು. ಒಂದು ಚಿತ್ರಕಥೆಗೆ, ಇನ್ನೊಂದು ಮೆಲಿಸಾ ಮೆಕಾರ್ಥಿ ಅವರ ನಟನೆಗೆ. ಇಂಥ ಸಿನಿಮಾದ ನಟನೆ ಆ ಪಟ್ಟಿಗೆ ಸೇರುವುದು ತುಂಬಾ ಅಪರೂಪ. ಅದರಲ್ಲಿ ಏನಿದೆ ಅಂತ ನಾನೇ ಹುಡುಕಿ ನೋಡಬೇಕು ಅನ್ನಿಸಿತು.

ಮೊದಲ ಪುಟದಲ್ಲಿ ಮೂಲ ವಿವರಗಳನ್ನು ಬರೆದುಕೊಂಡೆ. ಅಮೆರಿಕದಲ್ಲಿ ಬಿಡುಗಡೆ 2011ರ ಮೇ 13. ನಿರ್ದೇಶಕ ಪಾಲ್ ಫೀಗ್. ನಿರ್ಮಾಪಕರಲ್ಲಿ ಒಬ್ಬರು ಜಡ್ ಆಪಟೋ. ಬರೆದವರು ಕ್ರಿಸ್ಟೆನ್ ವಿಗ್ ಮತ್ತು ಆ್ಯನಿ ಮುಮೋಲೊ. ಸುಮಾರು 3.25 ಕೋಟಿ ಡಾಲರ್‌ನಲ್ಲಿ ಮಾಡಿದ ಚಿತ್ರ, ಪ್ರಪಂಚದಾದ್ಯಂತ 28 ಕೋಟಿ ಡಾಲರ್‌ಗೂ ಜಾಸ್ತಿ ಗಳಿಸಿತು. ಕಥೆ ನಡೆಯುವುದು ಮಿಲ್ವಾಕಿ ಮತ್ತು ಶಿಕಾಗೊ ಕಡೆ. ಚಿತ್ರೀಕರಣ ಹೆಚ್ಚಾಗಿ ನಡೆದದ್ದು ಲಾಸ್ ಏಂಜಲೀಸ್ ಸುತ್ತಮುತ್ತ.

ಇವೆಲ್ಲದರ ಕೆಳಗೆ ಒಂದು ಸಾಲಿಗೆ ಎರಡು ಗೆರೆ ಎಳೆದಿದ್ದೇನೆ. ಕ್ರಿಸ್ಟೆನ್ ವಿಗ್, ಆ್ಯನಿ ಮುಮೋಲೊ, ಮಾಯಾ ರುಡಾಲ್ಫ್, ಮೆಲಿಸಾ ಮೆಕಾರ್ಥಿ, ವೆಂಡಿ ಮೆಕ್‌ಲೆಂಡನ್-ಕೋವಿ, ಎಲ್ಲರೂ ಒಂದೇ ಗರಡಿಯವರು. ಲಾಸ್ ಏಂಜಲೀಸ್‌ನ ‘ದ ಗ್ರೌಂಡ್ಲಿಂಗ್ಸ್’ ಅನ್ನುವ ನಾಟಕ ತಂಡ ಅದು. 1974ರಲ್ಲಿ ಶುರುವಾಯಿತು. ಸ್ಕ್ರಿಪ್ಟ್ ಇಲ್ಲದೆ ವೇದಿಕೆಯ ಮೇಲೇ ಮಾತು ಹುಟ್ಟಿಸುವುದನ್ನು, ಒಂದು ಪಾತ್ರವನ್ನು ತಲೆಯಿಂದ ಕಾಲಿನವರೆಗೆ ಕಟ್ಟುವುದನ್ನು ಅಲ್ಲಿ ಕಲಿಸುತ್ತಾರೆ. ಈ ಸಾಲು ಮುಂದೆ ಎಷ್ಟು ಕೆಲಸಕ್ಕೆ ಬರುತ್ತದೆ ಅಂತ ಆಗ ನನಗೆ ಗೊತ್ತಿರಲಿಲ್ಲ.

ವಾರ 2

ಒಂದು ತಪ್ಪಾಯಿತು. ಪ್ರತಿ ಟಿಪ್ಪಣಿಯ ಪಕ್ಕ ನಿಮಿಷ, ಸೆಕೆಂಡು ಬರೆಯುತ್ತಾ ಹೋಗಿದ್ದೆ. ಎರಡನೇ ದಿನ ನೋಡಿದರೆ ಒಂದೂ ಹೊಂದುತ್ತಿಲ್ಲ. ಡಿಸ್ಕ್‌ನಲ್ಲಿ ಥಿಯೇಟರಿನಲ್ಲಿ ತೋರಿಸಿದ 125 ನಿಮಿಷದ ಆವೃತ್ತಿಯ ಜೊತೆಗೆ ಅದಕ್ಕಿಂತ ಉದ್ದದ, ರೇಟಿಂಗ್ ಪಡೆಯದ ‘ಅನ್‌ರೇಟೆಡ್’ ಆವೃತ್ತಿಯೂ ಇದೆ. ಮೊದಲ ದಿನ ಒಂದನ್ನು ಹಾಕಿದ್ದೆ, ಮಾರನೇ ದಿನ ಇನ್ನೊಂದನ್ನು. ಬರೆದ ಪುಟಗಳನ್ನು ಹರಿದು ಮತ್ತೆ ಶುರು ಮಾಡಿದೆ. ಈಗ ಥಿಯೇಟರ್ ಆವೃತ್ತಿ ಮಾತ್ರ. ಸಮಯದ ಬದಲು ದೃಶ್ಯಕ್ಕೊಂದು ಹೆಸರು ಇಟ್ಟಿದ್ದೇನೆ: ಗೇಟು, ಕಪ್‌ಕೇಕ್, ಮೈಕು, ಗೌನು, ವಿಮಾನ, ಸೋಫಾ. ಇದೇ ಸುಲಭ.

ಮೊದಲ ಸರದಿ ಕ್ರಿಸ್ಟೆನ್ ವಿಗ್ ಅವರದು. ಅವರ ಪಾತ್ರದ ಹೆಸರು ಆ್ಯನಿ. ಬೇಕರಿ ಮುಚ್ಚಿಹೋಗಿದೆ, ಕೈಯಲ್ಲಿ ಕಾಸಿಲ್ಲ, ಗೆಳತಿಗೆ ಮದುವೆ ನಿಶ್ಚಯವಾಗಿದೆ. ಶುರುವಿನಲ್ಲೇ ಅವಳು ಟೆಡ್ ಅನ್ನುವವನ ಮನೆಯಲ್ಲಿ ಇರುತ್ತಾಳೆ. ಆ ಪಾತ್ರ ಮಾಡಿದವರು ಜಾನ್ ಹ್ಯಾಮ್. ಬೆಳಿಗ್ಗೆ ಅವನಿಗಿಂತ ಮುಂಚೆ ಎದ್ದು, ಮುಖ ತಿದ್ದಿಕೊಂಡು ಮತ್ತೆ ಮಲಗುತ್ತಾಳೆ. ಆಮೇಲೆ ಈಗಷ್ಟೇ ಎಚ್ಚರವಾದವಳ ಹಾಗೆ ಕಣ್ಣು ಬಿಡುತ್ತಾಳೆ. ಸ್ವಲ್ಪ ಹೊತ್ತಿಗೆ ಅವನ ಮನೆಯ ಗೇಟು ಹತ್ತಿ ಇಳಿಯಲು ಹೋಗುತ್ತಾಳೆ. ಅವಳಿನ್ನೂ ಮೇಲಿರುವಾಗಲೇ ಗೇಟು ತಾನಾಗಿ ತೆರೆದುಕೊಳ್ಳುತ್ತದೆ.

ಈ ಎರಡು ಕಡೆಯೂ ಧ್ವನಿ ತೆಗೆದು ನೋಡಿದೆ. ಆಗ ಕಂಡದ್ದು ಆ್ಯನಿ ಏನನ್ನೋ ಮುಚ್ಚಿಡಲು ಒದ್ದಾಡುವುದು. ಗೇಟಿನ ಮೇಲೆ ಕೂತಾಗಲೂ ಅವಳ ಬೆನ್ನು ನೆಟ್ಟಗಿದೆ. ಏನೂ ಆಗಿಲ್ಲ ಅನ್ನುವ ಮುಖ. ನೋಟ್‌ಬುಕ್ಕಿನಲ್ಲಿ ನೀಲಿ ಪೆನ್ಸಿಲಿನಿಂದ ಬರೆದೆ: ‘ಮರ್ಯಾದೆ ಉಳಿಸಿಕೊಳ್ಳಲು ನೋಡುತ್ತಾಳೆ.’

ಕಪ್‌ಕೇಕ್ ದೃಶ್ಯದಲ್ಲಿ ಪೋಲಿತನ ಒಂದಿಷ್ಟೂ ಇಲ್ಲ. ರಾತ್ರಿ ಹೊತ್ತು ಒಬ್ಬಳೇ ನಿಂತು ಒಂದೇ ಒಂದು ಕಪ್‌ಕೇಕ್ ಮಾಡುತ್ತಾಳೆ. ಅದಕ್ಕೆ ಚೆಂದದ ಹೂವಿನ ಅಲಂಕಾರ. ಮಾಡಿ ಮುಗಿಸಿ ಒಂದು ಕ್ಷಣ ನೋಡುತ್ತಾಳೆ, ತಿನ್ನುತ್ತಾಳೆ. ಮಾತಿಲ್ಲ. ಇದನ್ನು ನಾಲ್ಕು ಸಲ ನೋಡಿದೆ. ಆ ಕೈಗಳಿಗೆ ಕೆಲಸ ಗೊತ್ತಿದೆ ಅನ್ನುವುದು ಕಾಣುತ್ತದೆ. ಆ ಕೆಲಸವನ್ನು ಈಗ ಯಾರೂ ಕೇಳುತ್ತಿಲ್ಲ ಅನ್ನುವುದು ಮುಖದಲ್ಲಿ ಕಾಣುತ್ತದೆ. ಇದಾದ ಮೇಲೆ ಆ್ಯನಿ ಏನು ರಂಪ ಮಾಡಿದರೂ ನಮಗೆ ಅವಳ ಮೇಲೆ ಸಿಟ್ಟು ಬರುವುದಿಲ್ಲ.

ವಾರ 3

ಪೂರ್ತಿ ವಾರ ಗೌನಿನ ದೃಶ್ಯಕ್ಕೇ ಹೋಯಿತು. ಹೋಗಲಿ, ಅದಕ್ಕೆ ಅಷ್ಟು ಸಮಯ ಕೊಡಲೇಬೇಕಿತ್ತು.

ಗೆಳತಿಯರೆಲ್ಲ ಆ್ಯನಿ ಆರಿಸಿದ ಬ್ರೆಜಿಲಿಯನ್ ಹೋಟೆಲಿನಲ್ಲಿ ಊಟ ಮಾಡಿ ಬಂದಿದ್ದಾರೆ. ಈಗ ದುಬಾರಿ ಅಂಗಡಿಯಲ್ಲಿ ಗೌನು ಹಾಕಿ ನೋಡುತ್ತಿದ್ದಾರೆ. ಒಬ್ಬೊಬ್ಬರಿಗೇ ಹೊಟ್ಟೆ ಕೆಡುತ್ತದೆ. ಲಿಲಿಯನ್ ಅನ್ನುವ ಮದುಮಗಳ ಗೆಳೆತನಕ್ಕೆ ಆ್ಯನಿಯ ಜೊತೆ ಪೈಪೋಟಿ ಮಾಡುವ ಹೆಲೆನ್ ಒಬ್ಬಳು ಗಟ್ಟಿಯಾಗಿ ನಿಂತಿದ್ದಾಳೆ. ವಿಗ್ ಮತ್ತು ಮುಮೋಲೊ ಬರೆದ ಮೊದಲ ಕರಡಿನಲ್ಲಿ ಈ ಹೊಟ್ಟೆ ಕೆಡುವ ಭಾಗ ಇರಲಿಲ್ಲ. ಆಪಟೋ ಮತ್ತು ಫೀಗ್ ಕಡೆಯಿಂದ ಬಂದ ಸಲಹೆ ಅದು. ಬರೆದವರಿಗೆ ಮೊದಮೊದಲು ಇದು ಅಷ್ಟು ಒಪ್ಪಿಗೆಯಾಗಿರಲಿಲ್ಲ. ಅವರ ಹಿಂಜರಿಕೆ ನನಗೆ ಅರ್ಥವಾಗುತ್ತದೆ. ಕೈ ತಪ್ಪಿದ್ದರೆ ಸುಮ್ನೆ ವಾಂತಿ ಭೇದಿಯ ಗದ್ದಲವಾಗಿ ಹೋಗುತ್ತಿತ್ತು.

ಕೈ ತಪ್ಪದ ಹಾಗೆ ಹಿಡಿದವರು ನಟಿಯರು. ಇದು ನನ್ನ ಅಭಿಪ್ರಾಯ. ಎಷ್ಟು ಸಲ ನೋಡಿದರೂ ಅದೇ ಅನ್ನಿಸುತ್ತದೆ. ಆ್ಯನಿಯನ್ನೇ ನೋಡಿ. ಊಟದ ಜಾಗ ಆರಿಸಿದವಳು ಅವಳು. ಹಾಗಾಗಿ ತನಗೆ ಏನೂ ಆಗಿಲ್ಲ ಅಂತ ಸಾಧಿಸಲೇಬೇಕು. ಮುಖ ಬಿಳಿಚಿಕೊಂಡಿದೆ, ಬೆವರು ಇಳಿಯುತ್ತಿದೆ. ಹೆಲೆನ್ ಎದುರು ನಿಂತು ಸಕ್ಕರೆ ಲೇಪಿಸಿದ ಒಂದು ಬಾದಾಮಿ ಕೊಡುತ್ತಾಳೆ. ಆ್ಯನಿ ಅದನ್ನು ಬಾಯಿಗೆ ಹಾಕಿ ಅಗಿಯುತ್ತಾಳೆ. ವಿಗ್ ಅಲ್ಲಿ ಮಾಡುವುದು ಇಷ್ಟೇ, ಒಂದು ಬಾದಾಮಿ ಅಗಿಯುವುದು. ಆದರೆ ಪ್ರತಿ ಸಲ ಹಲ್ಲು ಆಡಿದಾಗಲೂ ಒಳಗೆ ಏನು ನಡೆಯುತ್ತಿದೆ ಅಂತ ನಮಗೆ ಗೊತ್ತಾಗುತ್ತದೆ. ಪಕ್ಕದ ಕೋಣೆಯಲ್ಲಿ ಮೆಗನ್ (ಮೆಕಾರ್ಥಿ ಅವರ ಪಾತ್ರ) ಸಿಂಕ್ ಏರಿ ಕೂತಿದ್ದಾಳೆ. ಅಲ್ಲಿ ದೊಡ್ಡ ಗದ್ದಲ. ನಾನು ಜಾಸ್ತಿ ನಕ್ಕದ್ದು ಬಾದಾಮಿಗೆ.

ಆಮೇಲೆ ಮಾಯಾ ರುಡಾಲ್ಫ್. ಮದುಮಗಳು ಲಿಲಿಯನ್. ಮೈಮೇಲೆ ಬಿಳಿ ಗೌನು ಇರುವಾಗಲೇ ರಸ್ತೆ ದಾಟಲು ಓಡುತ್ತಾಳೆ. ಅರ್ಧ ದಾರಿಯಲ್ಲಿ ಆಗುವುದಿಲ್ಲ ಅಂತ ಗೊತ್ತಾಗುತ್ತದೆ. ನಿಧಾನವಾಗಿ ಕುಸಿದು ರಸ್ತೆ ನಡುವೆ ಕೂತುಬಿಡುತ್ತಾಳೆ. ಗೌನು ಸುತ್ತ ಹರಡಿಕೊಳ್ಳುತ್ತದೆ. ಅಲ್ಲಿ ಹೊಲಸು ಒಂದು ಚೂರೂ ಕಾಣುವುದಿಲ್ಲ. ಕಾಣುವುದು ಸೋತು ಸೋಲನ್ನು ಒಪ್ಪಿಕೊಂಡ ಒಂದು ಮುಖ. ಆ ಕುಸಿಯುವ ವೇಗವನ್ನು ಗಮನಿಸಿ. ದೊಪ್ಪನೆ ಬಿದ್ದಿದ್ದರೆ ಅದು ಬೇರೆ ಥರದ ನಗು. ರುಡಾಲ್ಫ್ ಇಳಿಯುವುದು ದಣಿದವರು ಮಂಡಿ ಊರುವ ಹಾಗೆ. ನಗುತ್ತಾ ನಗುತ್ತಾ ನನಗೆ ಪಾಪ ಅನ್ನಿಸಿತು.

ಎರಡನೇ ವಾರದ ನೀಲಿ ಸಾಲಿನ ಪಕ್ಕಕ್ಕೆ ಬಾಣ ಎಳೆದು ‘ಇಲ್ಲೂ ಅದೇ’ ಅಂತ ಬರೆದೆ. ಈ ಸಿನಿಮಾದ ಪೋಲಿ ಹಾಸ್ಯ ನಿಂತಿರುವುದು ಮರ್ಯಾದೆ ಬಿಡದ ಮುಖಗಳ ಮೇಲೆ.

ವಾರ 4

ಮೆಲಿಸಾ ಮೆಕಾರ್ಥಿ. ಮೆಗನ್ ಪಾತ್ರ. ಇಲ್ಲಿ ನನ್ನ ನೀಲಿ ಸಾಲು ಮೊದಲ ಸಲ ಕೈಕೊಟ್ಟಿತು. ಯಾಕೆಂದರೆ ಮೆಗನ್ ಏನನ್ನೂ ಮುಚ್ಚಿಡುವುದಿಲ್ಲ. ಮೊದಲ ಭೇಟಿಯಲ್ಲೇ ಆ್ಯನಿಗೆ ತಾನು ಕ್ರೂಸ್ ಹಡಗಿನಿಂದ ಬಿದ್ದದ್ದು, ಡಾಲ್ಫಿನ್ ಒಂದು ತನ್ನನ್ನು ದಿಟ್ಟಿಸಿ ನೋಡಿದ್ದು, ಎಲ್ಲ ಹೇಳುತ್ತಾಳೆ. ಮೆಕಾರ್ಥಿ ಇದನ್ನು ತಮಾಷೆ ಅಂತ ಎಲ್ಲೂ ತೋರಿಸಿಕೊಡುವುದಿಲ್ಲ. ಹವಾಮಾನದ ವಿಷಯ ಹೇಳುವಷ್ಟೇ ಸಹಜವಾಗಿ ಹೇಳುತ್ತಾರೆ. ಕಣ್ಣು ಎದುರಿನವಳ ಮೇಲೇ ಇರುತ್ತದೆ. ಕೈ ಅಲ್ಲಾಡುವುದಿಲ್ಲ. ನಂಬಿಕೆ ಅಂದರೆ ಇದೇ ಅಲ್ವಾ?

ಅದಕ್ಕೆ ಮೊದಲು ಅವರನ್ನು ಟಿವಿ ನೋಡುವವರು ‘ಗಿಲ್ಮೋರ್ ಗರ್ಲ್ಸ್’ ಸರಣಿಯ ಅಡುಗೆಯ ಸೂಕಿಯಾಗಿ ಬಲ್ಲವರಾಗಿದ್ದರು. ಅಲ್ಲಿ ಮೃದು, ಗಡಿಬಿಡಿ, ಮುದ್ದು. ಮೆಗನ್ ನಡೆಯುವುದೇ ಬೇರೆ ಥರ. ಕಾಲು ಅಗಲಿಸಿ, ಭುಜ ಮುಂದೆ ಮಾಡಿ. ಕುರ್ಚಿಯಲ್ಲಿ ಕೂತರೆ ಆ ಕುರ್ಚಿ ಅವಳದೇ. ಪಾತ್ರವನ್ನು ತಲೆಯಿಂದ ಕಾಲಿನವರೆಗೆ ಕಟ್ಟುವುದು ಅಂತ ಮೊದಲ ವಾರ ಬರೆದಿದ್ದೆನಲ್ಲ, ಅದು ಕಣ್ಣಿಗೆ ಕಾಣುವುದು ಇಲ್ಲಿ.

ಸೋಫಾ ದೃಶ್ಯ ಈ ನೋಟ್‌ಬುಕ್ಕಿನ ನನ್ನ ಮೆಚ್ಚಿನ ಪುಟ. ಆ್ಯನಿ ಎಲ್ಲವನ್ನೂ ಕಳೆದುಕೊಂಡು ಅಮ್ಮನ ಮನೆ ಸೋಫಾದಲ್ಲಿ ಬಿದ್ದಿದ್ದಾಳೆ. ಮೆಗನ್ ಬರುತ್ತಾಳೆ. ಸಮಾಧಾನ ಹೇಳುವುದಿಲ್ಲ, ಜಗಳಕ್ಕೇ ಇಳಿಯುತ್ತಾಳೆ. ಹೊಡೆದು, ಎಳೆದಾಡಿ, ತಿರುಗಿ ಹೊಡಿ ಅಂತ ಕೆಣಕುತ್ತಾಳೆ. ಪಕ್ಕಾ ದೇಹದ ಹಾಸ್ಯ. ಆ್ಯನಿ ಕೊನೆಗೆ ತಿರುಗಿಸಿ ಹೊಡೆದಾಗ ಮೆಗನ್ ತೃಪ್ತಿಯಿಂದ ಕೂತು, ಶಾಲೆಯಲ್ಲಿ ತನಗೆ ಮಕ್ಕಳು ಕೊಟ್ಟ ಕಾಟದ ಕಥೆ ಹೇಳುತ್ತಾಳೆ. ಈಗ ತನಗೆ ಸರ್ಕಾರದಲ್ಲಿ ದೊಡ್ಡ ಕೆಲಸ ಇದೆ ಅನ್ನುವುದನ್ನೂ ಹೇಳುತ್ತಾಳೆ. ಮೆಕಾರ್ಥಿ ಅಲ್ಲಿ ದನಿ ಬದಲಿಸುವುದಿಲ್ಲ. ಕಣ್ಣೀರು ತರಿಸಿಕೊಳ್ಳುವುದಿಲ್ಲ. ಡಾಲ್ಫಿನ್ ಕಥೆ ಹೇಳಿದ ಅದೇ ದನಿ. ಆಗ ನನಗೆ ಹೊಳೆಯಿತು. ಮೆಗನ್‌ಗೆ ಎರಡೂ ಒಂದೇ ತೂಕದ ಸತ್ಯ. ಮುಚ್ಚಿಡಲು ಕಲಿತವರ ನಡುವೆ ಇವಳು ಒಬ್ಬಳು ಆ ಕಾಟವನ್ನೆಲ್ಲ ದಾಟಿ ಬಂದವಳು. ಬಾಕಿ ಐವರು ಮರ್ಯಾದೆ ಹೋಗುತ್ತದೆ ಅಂತ ಹೆದರುವುದರಿಂದ ನಗು ಬರುತ್ತದೆ. ಮೆಗನ್‌ಗೆ ಆ ಹೆದರಿಕೆಯೇ ಇಲ್ಲ, ಅದಕ್ಕೆ ನಗು ಬರುತ್ತದೆ. ಕೆಂಪು ಪೆನ್ಸಿಲ್ ತೆಗೆದು ಇವಳಿಗೊಂದು ಬೇರೆ ಸಾಲು ಬರೆದೆ.

ವಾರ 5

ಮೈಕು ದೃಶ್ಯ. ನಿಶ್ಚಿತಾರ್ಥದ ಪಾರ್ಟಿಯಲ್ಲಿ ಆ್ಯನಿ ಮತ್ತು ಹೆಲೆನ್ ಇಬ್ಬರೂ ಲಿಲಿಯನ್ ಬಗ್ಗೆ ಮಾತಾಡಬೇಕು. ಒಬ್ಬಳು ಮುಗಿಸಿದರೆ ಇನ್ನೊಬ್ಬಳು ಮೈಕು ಹಿಡಿಯುತ್ತಾಳೆ. ಮತ್ತೆ ಇವಳು, ಮತ್ತೆ ಅವಳು. ಕೊನೆಗೆ ಹಾಡೂ ಬರುತ್ತದೆ. ಇದರಲ್ಲಿ ಒಂದೂ ಪೋಲಿ ಮಾತಿಲ್ಲ.

ಹೆಲೆನ್ ಮಾಡಿದ ರೋಸ್ ಬರ್ನ್ ಆಸ್ಟ್ರೇಲಿಯಾದ ನಟಿ. ‘ಡ್ಯಾಮೇಜಸ್’ ಅನ್ನುವ ಗಂಭೀರ ಕಾನೂನು ಸರಣಿಯಿಂದ ಹೆಸರಾದವರು. ಗ್ರೌಂಡ್ಲಿಂಗ್ಸ್ ಗರಡಿಯವರಲ್ಲ. ಅದು ಇಲ್ಲಿ ಒಳ್ಳೆಯದೇ ಆಗಿದೆ. ಅವರು ನಗಿಸಲು ಹೋಗುವುದೇ ಇಲ್ಲ. ಕತ್ತು ನೇರ, ನಗು ಅಳತೆಯದು, ಮೈಕು ಹಿಡಿಯುವ ಬೆರಳೂ ಅಚ್ಚುಕಟ್ಟು. ಆ ನಯ ಇರುವುದರಿಂದಲೇ ವಿಗ್ ಅವರ ತಡಬಡಾಯಿಸುವಿಕೆ ಕಾಣುತ್ತದೆ. ಆಮೇಲೆ ಕಾರಿನಲ್ಲಿ ಹೆಲೆನ್ ಅಳುತ್ತಾಳೆ. ಮುಖ ಪೂರ್ತಿ ಕಲಸಿಹೋಗುತ್ತದೆ. ಅಷ್ಟು ಹೊತ್ತು ಕಾಪಾಡಿಕೊಂಡ ನಯವನ್ನು ಬರ್ನ್ ಒಂದೇ ಸಲಕ್ಕೆ ಬಿಟ್ಟುಕೊಡುತ್ತಾರೆ. ಆ ಒಂದು ಅಳುವಿನಿಂದ ಖಳನಾಯಕಿಯಾಗಿದ್ದವಳು ಗೆಳತಿಯರಿಲ್ಲದ ಒಬ್ಬ ಹೆಂಗಸಾಗುತ್ತಾಳೆ.

ಮೈಕು ದೃಶ್ಯವನ್ನು ಮೂರನೇ ಸಲ ರುಡಾಲ್ಫ್ ಒಬ್ಬರನ್ನೇ ನೋಡುತ್ತಾ ಮುಗಿಸಿದೆ. ಅವರಿಗೆ ಅಲ್ಲಿ ಕೇಳುವುದೇ ಕೆಲಸ. ಮೊದಲು ಖುಷಿ, ಆಮೇಲೆ ಸಂಕೋಚ, ಆಮೇಲೆ ಸಾಕಪ್ಪಾ ಅನ್ನುವ ನೋಟ. ಇಬ್ಬರನ್ನೂ ಪ್ರೀತಿಸುವವಳ ಮುಖ ಅದು. ಇಬ್ಬರ ಪೈಪೋಟಿ ಎಷ್ಟು ಉದ್ದವಾಯಿತು ಅನ್ನುವುದು ನಮಗೆ ತಿಳಿಯುವುದು ಅವರ ಕಣ್ಣಿನಿಂದ. ನಟನೆಯ ಬಗ್ಗೆ ಬರೆಯುವಾಗ ಕೇಳುವವರನ್ನು ನಾವು ಸುಲಭವಾಗಿ ಮರೆತುಬಿಡುತ್ತೇವೆ. ಇದಕ್ಕೆ ಪುಟ ಸಾಲದೆ ಅಂಚಿನಲ್ಲೂ ಬರೆದಿದ್ದೇನೆ.

ವಾರ 6

ವಿಮಾನ. ಎಲ್ಲರೂ ಲಾಸ್ ವೇಗಸ್‌ಗೆ ಹೊರಟಿದ್ದಾರೆ. ವಿಮಾನ ಕೊನೆಗೆ ಇಳಿಯುವುದು ವಯೋಮಿಂಗ್‌ನ ಕ್ಯಾಸ್ಪರ್‌ನಲ್ಲಿ. ಆ್ಯನಿಯ ಪಕ್ಕದ ಸೀಟಿನಲ್ಲಿ ಒಬ್ಬ ಹೆದರಿದ ಹೆಂಗಸು ಇರುತ್ತಾಳೆ. ವಿಮಾನ ಬೀಳುವ ಕನಸು ಕಂಡೆ ಅನ್ನುತ್ತಾಳೆ. ಅವರೇ ಆ್ಯನಿ ಮುಮೋಲೊ, ಈ ಕಥೆ ಬರೆದ ಇಬ್ಬರಲ್ಲಿ ಒಬ್ಬರು. ಬರೆದ ಇಬ್ಬರೂ ಪಕ್ಕಪಕ್ಕ ಕೂತು ಆಡುತ್ತಿದ್ದಾರೆ ಅಂತ ಗೊತ್ತಾದ ಮೇಲೆ ಆ ದೃಶ್ಯ ನನಗೆ ಇನ್ನೂ ಪ್ರಿಯವಾಯಿತು. ಇನ್ನೊಂದು ಕಡೆ ಮೆಗನ್ ತನ್ನ ಪಕ್ಕದವನು ಏರ್ ಮಾರ್ಷಲ್ (ಪ್ರಯಾಣಿಕರ ನಡುವೆ ಗುಟ್ಟಾಗಿ ಕೂರುವ ಭದ್ರತಾ ಅಧಿಕಾರಿ) ಅಂತ ಗಟ್ಟಿಯಾಗಿ ನಂಬಿ ಅವನ ಬೆನ್ನು ಬೀಳುತ್ತಾಳೆ. ಆ ಪಾತ್ರ ಮಾಡಿದವರು ಬೆನ್ ಫಾಲ್ಕೋನ್, ಮೆಕಾರ್ಥಿ ಅವರ ಗಂಡ, ಅವರೂ ಅದೇ ಗರಡಿ. ಅವರಿಬ್ಬರ ನಡುವೆ ಒಂದು ಮಾತೂ ತಡವರಿಸುವುದಿಲ್ಲ. ವರ್ಷಗಟ್ಟಲೆ ಜೊತೆಗೆ ಆಡಿದವರ ಲಯ ಅದು.

ವೆಂಡಿ ಮೆಕ್‌ಲೆಂಡನ್-ಕೋವಿ ಮತ್ತು ಎಲೀ ಕೆಂಪರ್ ಅವರ ಹಾಳೆಗಳು ಇನ್ನೂ ಅರ್ಧ ಖಾಲಿ. ಗಂಡುಮಕ್ಕಳನ್ನು ಸಾಕಿ ಬೇಸತ್ತ ರೀಟಾ, ಹೊಸದಾಗಿ ಮದುವೆಯಾದ ಬೆಕಾ. ಇಬ್ಬರೂ ವಿಮಾನದಲ್ಲಿ ಅಕ್ಕಪಕ್ಕ ಕೂರುತ್ತಾರೆ. ಇಬ್ಬರ ನಡುವಿನ ಆ ಮಾತುಕತೆಯನ್ನು ಮುಂದಿನ ವಾರ ಎರಡು ಸಲ ನೋಡಬೇಕು, ಒಂದು ಸಲ ಒಬ್ಬೊಬ್ಬರಿಗೆ.

ಇವತ್ತು ಒಂದು ಹಾಳೆ ಹೆಚ್ಚು ಸೇರಿಸಿದೆ. ಆ್ಯನಿಯ ಅಮ್ಮನ ಪಾತ್ರ ಮಾಡಿದ ಜಿಲ್ ಕ್ಲೇಬರ್ಗ್ ಅವರಿಗೆ. 2010ರ ನವೆಂಬರ್‌ನಲ್ಲಿ ಅವರು ತೀರಿಕೊಂಡರು. ಚಿತ್ರ ತೆರೆಗೆ ಬರುವಾಗ ಅವರು ಇರಲಿಲ್ಲ. ಒಂದು ಹನಿಯೂ ಕುಡಿಯದೆ, ಕುಡಿತ ಬಿಟ್ಟವರ ಸಭೆಗೆ ಹೋಗುವ ಅಮ್ಮ. ಅವರು ತೆರೆಯ ಮೇಲೆ ಇರುವುದು ಸ್ವಲ್ಪ ಹೊತ್ತು. ಅಷ್ಟರಲ್ಲೇ ಮಗಳ ಕಡೆ ನೋಡುವಾಗ ಅವರ ಮುಖದಲ್ಲಿ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ಮಾತಿನಲ್ಲಿ ಹುರುಪು, ಕಣ್ಣಿನಲ್ಲಿ ಆತಂಕ. ಆರು ಸಲ ಸಿನಿಮಾ ಹಾಕಿದರೂ ಇದನ್ನು ನಾನು ನೋಡಿದ್ದು ಇವತ್ತೇ. ಏಳನೇ ಹಾಳೆಯ ಮೇಲೆ ಅವರ ಹೆಸರು ಬರೆದು, ಅಮ್ಮ ಬರುವ ದೃಶ್ಯಗಳನ್ನಷ್ಟೇ ಮತ್ತೆ ಮೊದಲಿನಿಂದ ಹಾಕಿದ್ದೇನೆ.